ಬೆಲೆ ಇಳಿದಿದೆ ಎನ್ನಲು ‘ಚೀಪ್ ಪ್ರೈಸ್’ ಸರಿಯೇ?

ಪ್ರಶ್ನೆ: ಚಿಕ್ಕಪೇಟೆಯಲ್ಲಿ ನಮ್ಮದು ರೇಷ್ಮೆ ಸೀರೆಯ ಅಂಗಡಿ. ಆಷಾಢದ ರಿಯಾಯಿತಿಗೆ ಫಲಕ ಬರೆಸುತ್ತಿದ್ದೇವೆ. ಕನ್ನಡದ ಸಾಲು ಸಿದ್ಧವಾಗಿದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಚೀಪ್ ಪ್ರೈಸ್’ ಎಂದು ಹಾಕಿಸಬಹುದೇ? ಮಗಳು ‘ಲೋ ಪ್ರೈಸ್’ ಎನ್ನಬೇಕು ಎನ್ನುತ್ತಾಳೆ.

ಉತ್ತರ: ಮಗಳ ಮಾತು ಸರಿ. ಇಂಗ್ಲಿಷಿನಲ್ಲಿ ಚೀಪ್ ಎಂಬುದು ಸರಕಿಗೆ ಒಪ್ಪುವ ಮಾತು, ಬೆಲೆಗಲ್ಲ. ಸೀರೆ ಚೀಪ್ ಆಗಬಹುದು. ಅದರ ಬೆಲೆ ಲೋ ಅಥವಾ ಹೈ. ಇಂಗ್ಲಿಷ್ ಮನೆಮಾತಿನವರ ಬಾಯಲ್ಲೂ ‘ಚೀಪ್ ಪ್ರೈಸ್’ ಕೇಳಿಬರುತ್ತದೆ, ಆದರೆ ಎಚ್ಚರದಿಂದ ಬರೆಯುವವರು ಅದನ್ನು ತಿದ್ದುತ್ತಾರೆ. ನಾವು ಎಡವಲು ಕಾರಣ ಕನ್ನಡದಲ್ಲೇ ಇದೆ. ‘ಸೀರೆ ಅಗ್ಗ’ ಎನ್ನುತ್ತೇವೆ, ‘ಅಗ್ಗದ ಬೆಲೆ’ ಎಂದೂ ಎನ್ನುತ್ತೇವೆ. ನಮ್ಮಲ್ಲಿ ಎರಡೂ ಸಲ್ಲುತ್ತವೆ. ‘ಬೆಲೆ ಕಡಿಮೆ’ ಎಂಬುದನ್ನು ಹಾಗೆಯೇ ಎತ್ತಿಟ್ಟಾಗ ‘ಲೆಸ್ ಪ್ರೈಸ್’ ಹುಟ್ಟುತ್ತದೆ. ಅದೂ ತಪ್ಪೇ.

ವ್ಯಾಕರಣಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಚೀಪ್ ಪದದ ಇನ್ನೊಂದು ಅರ್ಥ. ಒಂದು ಕಾಲಕ್ಕೆ ಅದರ ಮೂಲರೂಪಕ್ಕೆ ವ್ಯಾಪಾರ ಎಂಬ ಅರ್ಥವಿತ್ತು. ಲಂಡನ್ನಿನ ಚೀಪ್‌ಸೈಡ್ ಎಂಬ ಬೀದಿಯ ಹೆಸರು ಅಲ್ಲಿ ನಡೆಯುತ್ತಿದ್ದ ಸಂತೆಯಿಂದ ಬಂದದ್ದು, ನಿಮ್ಮ ಚಿಕ್ಕಪೇಟೆಯಲ್ಲಿ ‘ಪೇಟೆ’ ಉಳಿದುಕೊಂಡಂತೆ. ಈಗ ಆ ಪದಕ್ಕೆ ಕಳಪೆಯ ವಾಸನೆ ಅಂಟಿದೆ. ‘ಅಗ್ಗದ ಪ್ರಚಾರ’ ಎಂದಾಗ ಕನ್ನಡದಲ್ಲಿ ಮೂಡುವ ತಾತ್ಸಾರವೇ ಅಲ್ಲಿಯೂ ಮೂಡುತ್ತದೆ. ವಾರಗಟ್ಟಲೆ ಮಗ್ಗದ ಮುಂದೆ ಕುಳಿತು ನೇಯ್ದ ಸೀರೆಗೆ ಆ ಮಾತು ಬೇಡ. ಸರಕನ್ನೇ ಹೊಗಳಬೇಕಾದರೆ ‘ಅಫೋರ್ಡಬಲ್’ ಎನ್ನಿ, ಕೈಗೆಟುಕುವಂಥದ್ದು ಎಂದರ್ಥ.

ಆದರೆ ಆಷಾಢಕ್ಕೆ ‘ಲೋ ಪ್ರೈಸಸ್’ ಕೂಡ ಸಾಲದು. ಬೆಲೆ ಕಡಿಮೆ ಎಂದಷ್ಟೇ ಅದು ಹೇಳುತ್ತದೆ, ಇಳಿದಿದೆ ಎನ್ನುವುದಿಲ್ಲ. ಮದುವೆಗಳಿಲ್ಲದ ತಿಂಗಳಲ್ಲಿ ನೀವು ನಿಜವಾಗಿ ಇಳಿಸಿದ್ದನ್ನು ಹೇಳುವ ಪದ ‘ರೆಡ್ಯೂಸ್ಡ್’. ‘ಲೋವರ್’ ಎಂದರೆ ಯಾವುದಕ್ಕಿಂತ ಎಂಬ ಹೋಲಿಕೆ ಬೇಕು. ‘ರೆಡ್ಯೂಸ್ಡ್’ ಎಂದು ಬರೆದ ಮೇಲೆ ಹಳೆಯ ಬೆಲೆಯೂ ನಿಜವಾಗಿರಬೇಕು. 6,000 ರೂಪಾಯಿಗೆ ಎಂದೂ ಮಾರದ ಸೀರೆಯ ಮೇಲೆ 6,000 ಹೊಡೆದುಹಾಕಿ 4,500 ಎಂದು ಬರೆಯುವುದು ಗಿರಾಕಿಗೆ ಮಾಡುವ ಮೋಸ. ಬೆಲೆಯ ಬಗ್ಗೆ ದಾರಿ ತಪ್ಪಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಒಪ್ಪುವುದಿಲ್ಲ.

ಇನ್ನು ‘ಅಪ್ ಟು 40% ಆಫ್’. ಗರಿಷ್ಠ ರಿಯಾಯಿತಿ ಶೇ. 40 ಎಂದಷ್ಟೇ ಅದರ ಅರ್ಥ. ಎಲ್ಲ ಸೀರೆಗೂ ಅಷ್ಟು ಸಿಗುತ್ತದೆ ಎಂದಲ್ಲ. ‘ಅಪ್ ಟು’ ಎಂಬುದನ್ನು ಇರುವೆ ಗಾತ್ರದಲ್ಲಿ ಬರೆಸಬೇಡಿ. ದೂರದಿಂದ ಬಂದವರು ಮೆಟ್ಟಿಲು ಹತ್ತಿದ ಮೇಲೆ ಪೆಚ್ಚಾಗುತ್ತಾರೆ.

ಎಲ್ಲ ಸೀರೆಗೂ ಒಂದೇ ರಿಯಾಯಿತಿ ಇದ್ದರೆ ‘20% ಆಫ್ ಆಲ್ ಸಾರೀಸ್’ ಎಂದು ಬರೆಸಿ. ಒಂದೊಂದಕ್ಕೆ ಒಂದೊಂದು ಬಗೆಯಾದರೆ ‘ರೆಡ್ಯೂಸ್ಡ್ ಪ್ರೈಸಸ್ ದಿಸ್ ಆಷಾಢ’ ಸಾಕು. ಆಷಾಢವನ್ನು ಅನುವಾದಿಸಬೇಡಿ, ಬೆಂಗಳೂರಿನ ಗಿರಾಕಿಗಳಿಗೆ ಅದು ಗೊತ್ತು.