ಗಾಡಿ ಎಣಿಸಿದರೆ ಸಾಕೇ? ಮಂಗಳೂರಿನ ರಸ್ತೆಗಳ ಹಿಂದಿನ ಲೆಕ್ಕ

ದೊಡ್ಡ ಸರ್ಕಲುಗಳ ಬದಿಯಲ್ಲಿ ಪ್ಯಾಡು, ಪೆನ್ನು ಹಿಡಿದ ಹುಡುಗರು ಬೆಳಗ್ಗಿನಿಂದ ನಿಂತಿರುವುದನ್ನು ನೀವು ನೋಡಿರಬಹುದು. ಅವರು ಹೋಗುವ ಬರುವ ಗಾಡಿಗಳನ್ನು ಎಣಿಸುತ್ತಾರೆ. ಹಾಳೆಯಲ್ಲಿ ಬೈಕು, ರಿಕ್ಷಾ, ಕಾರು, ಬಸ್ಸು, ಲಾರಿ ಎಂದು ಬೇರೆ ಬೇರೆ ಕಾಲಂ. ಒಂದೊಂದು ಗಾಡಿಗೆ ಒಂದೊಂದು ಗೀಟು. ನಾಲ್ಕು ಗೀಟು ಆದ ಮೇಲೆ ಐದನೆಯದನ್ನು ಅಡ್ಡ ಎಳೆಯುತ್ತಾರೆ. ಹದಿನೈದು ನಿಮಿಷ ಆದ ಕೂಡಲೇ ಹೊಸ ಸಾಲು. ಈಗ ಕ್ಯಾಮೆರಾ ಇಟ್ಟು ಕಂಪ್ಯೂಟರಿನಲ್ಲಿ ಎಣಿಸುವುದೂ ಉಂಟು, ಆದರೆ ಎಣಿಸುವುದು ಅದನ್ನೇ.

ಮಂಗಳೂರಿನ ನಂತೂರು ಜಂಕ್ಷನ್ನಿನಲ್ಲಿ ಹೀಗೆ ಎಣಿಸಿದರೆ ಎಲ್ಲ ತರಹದ ಗಾಡಿಯೂ ಸಿಗುತ್ತದೆ. ಕೇರಳದಿಂದ ಗೋವಾ ಕಡೆಗೆ ಹೊರಟ ಲಾರಿ, ಮೂಡುಬಿದಿರೆಯಿಂದ ಇಳಿದು ಬಂದ ಬಸ್ಸು, ಕದ್ರಿ ಕಡೆ ತಿರುಗುವ ಸ್ಕೂಟರು. ಇವೆಲ್ಲ ಒಂದೇ ಗಾತ್ರದವಲ್ಲ. ಹಾಗಾಗಿ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರುತ್ತಾರೆ. ಅದಕ್ಕೆ ಪ್ಯಾಸೆಂಜರ್ ಕಾರ್ ಯೂನಿಟ್, ಚುಟುಕಾಗಿ ಪಿಸಿಯು ಎಂದು ಹೆಸರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗೆ ಕೊಟ್ಟ ಪಟ್ಟಿಯಲ್ಲಿ ಕಾರು ಅಂದರೆ 1. ಬೈಕು 0.5ರಿಂದ 0.75. ರಿಕ್ಷಾ 1.2ರಿಂದ 2. ಬಸ್ಸು 2.2ರಿಂದ 3.7. ರಸ್ತೆಯಲ್ಲಿ ಆ ನಮೂನೆಯ ಗಾಡಿಯ ಪಾಲು ಜಾಸ್ತಿಯಾದರೆ ದೊಡ್ಡ ಅಂಕಿ ಹಿಡಿಯಬೇಕು.

ಬಸ್ಸಿನಲ್ಲಿ ಐವತ್ತು ಜನ ಇದ್ದರೂ, ಡ್ರೈವರು ಕಂಡಕ್ಟರು ಇಬ್ಬರೇ ಇದ್ದರೂ ಅಂಕಿ ಮಾತ್ರ ಒಂದೇ. ಐವತ್ತು ಜನ ಒಬ್ಬೊಬ್ಬರೇ ಕಾರಿನಲ್ಲಿ ಬಂದರೆ 50 ಪಿಸಿಯು. ಅದೇ ಜನ ಒಂದು ಬಸ್ಸಿನಲ್ಲಿ ಬಂದರೆ ಹೆಚ್ಚೆಂದರೆ 3.7. ರಸ್ತೆಯ ಜಾಗ ಎಷ್ಟು ತುಂಬಿತು ಎಂದು ತಿಳಿಯಲು ಈ ಲೆಕ್ಕ ಒಳ್ಳೆಯದೇ. ಆದರೆ ಎಷ್ಟು ಜನ ದಾಟಿದರು, ಎಲ್ಲಿಂದ ಬಂದರು, ಯಾಕೆ ಬಂದರು ಎಂಬುದು ಅದರಲ್ಲಿ ಇಲ್ಲ. ಆಚೆ ಬದಿಗೆ ಹೋಗಲಾಗದೆ ಡಿವೈಡರ್ ಹತ್ತಿರ ನಿಂತ ಅಜ್ಜಿಗೆ ಆ ಹಾಳೆಯಲ್ಲಿ ಕಾಲಂ ಇಲ್ಲ. ಗಾಡಿಗಳಿಗಿಂತ ಜನರ ಓಡಾಟ ಮುಖ್ಯ ಎಂದು ನಮ್ಮ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿದೆ. ಆದರೂ ಫ್ಲೈಓವರ್ ಬೇಕೋ ಬೇಡವೋ ಎಂಬ ಮಾತು ಊರಿನಲ್ಲಿ ಶುರುವಾಗುವುದು ಗಾಡಿಗಳ ಸಂಖ್ಯೆಯಿಂದಲೇ. ನನಗೆ ಬೇಸರ ಅಲ್ಲೇ. ಏನನ್ನು ಎಣಿಸುತ್ತೇವೋ ಅದಕ್ಕೇ ರಸ್ತೆ ಕಟ್ಟುತ್ತೇವೆ.

ಸರ್ಕಲಿನಲ್ಲಿ ನಿಲ್ಲುವ ಬದಲು ಮನೆಗೇ ಹೋಗಿ ಜನರನ್ನು ಕೇಳುವ ಕ್ರಮ 1940ರ ದಶಕದಲ್ಲಿ ಅಮೆರಿಕದಲ್ಲಿ ಬಂತು. 1950ರ ದಶಕದಲ್ಲಿ ಡೆಟ್ರಾಯಿಟ್ ಮತ್ತು ಶಿಕಾಗೋ ನಗರಗಳಲ್ಲಿ ಡಗ್ಲಸ್ ಕ್ಯಾರಲ್ ಎಂಬವರ ತಂಡ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ, ಆಗಷ್ಟೇ ಬಂದಿದ್ದ ಕಂಪ್ಯೂಟರಿಗೆ ಲೆಕ್ಕ ಹಾಕಲು ಕೊಟ್ಟಿತು. ಆಗ ರೂಪುಗೊಂಡ ನಾಲ್ಕು ಹಂತದ ಮಾದರಿ ಇವತ್ತಿಗೂ ಪ್ರಪಂಚದ ಎಷ್ಟೋ ಊರುಗಳಲ್ಲಿ ನಡೆಯುತ್ತಿದೆ. ಊರನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯದಿಂದ ಎಷ್ಟು ಟ್ರಿಪ್ (ಒಂದು ಕೆಲಸಕ್ಕೆಂದು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವುದು) ಹೊರಡುತ್ತದೆ, ಅವು ಎಲ್ಲಿಗೆ ಹೋಗುತ್ತವೆ, ಯಾವ ಗಾಡಿಯಲ್ಲಿ, ಯಾವ ದಾರಿಯಲ್ಲಿ ಎಂದು ಒಂದರ ಹಿಂದೆ ಒಂದು ಲೆಕ್ಕ ಹಾಕುವುದು.

ಎಲ್ಲ ಮನೆಗಳಿಗೆ ಹೋಗಲು ಆಗುವುದಿಲ್ಲ. 5ರಿಂದ 10 ಲಕ್ಷ ಜನರಿರುವ ಊರಾದರೆ 20 ಮನೆಗೆ ಒಂದು ಎಂದು ಹಳೆಯ ಅಮೆರಿಕನ್ ಕೈಪಿಡಿಯ ಲೆಕ್ಕ. ನಮ್ಮ ಎಂಜಿನಿಯರಿಂಗ್ ಪಠ್ಯಗಳಲ್ಲೂ ಅದೇ ಪಟ್ಟಿ ಇದೆ. ಸುತ್ತಮುತ್ತ ಸೇರಿಸಿದರೆ ಮಂಗಳೂರಿನಲ್ಲಿ 2011ರ ಜನಗಣತಿಯ ಹೊತ್ತಿಗೇ 6 ಲಕ್ಷಕ್ಕಿಂತ ಜಾಸ್ತಿ ಜನ ಇದ್ದರು. ಆ ಇಪ್ಪತ್ತರಲ್ಲಿ ಒಂದು ಮನೆಯ ಬಾಗಿಲಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ಉಳಿದ ಎಲ್ಲವೂ ನಿಂತಿದೆ.

ತೊಕ್ಕೊಟ್ಟಿನ ಒಂದು ಮನೆ ಅಂದುಕೊಳ್ಳಿ. ಗಂಡನಿಗೆ ಬೈಕಂಪಾಡಿಯ ಫ್ಯಾಕ್ಟರಿಯಲ್ಲಿ ಕೆಲಸ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ ಬದಲಿಸಿ ಹೋಗುತ್ತಾರೆ, ಸಂಜೆ ಹಾಗೆಯೇ ಬರುತ್ತಾರೆ. ಎರಡು ಟ್ರಿಪ್. ಬರೆದಾಯಿತು. ಸರ್ವೆಗೆ ಬಂದ ಹುಡುಗಿ ಹೆಂಡತಿಯನ್ನು ಕೇಳುತ್ತಾಳೆ, "ಅಕ್ಕ, ನಿನ್ನೆ ನೀವು ಎಲ್ಲೆಲ್ಲಿಗೆ ಹೋಗಿದ್ರಿ?"

"ನಾನು ಎಲ್ಲಿಗೂ ಹೋಗ್ಲಿಲ್ಲ. ಮನೆಯಲ್ಲೇ ಇದ್ದೆ."

ಅವಸರದ ಹುಡುಗಿಯಾದರೆ ಸೊನ್ನೆ ಬರೆದು ಮುಂದಿನ ಮನೆಗೆ ಹೋಗುತ್ತಾಳೆ. ಕೆಲಸ ಗೊತ್ತಿರುವವಳಾದರೆ ಇನ್ನೊಂದು ಮಾತು ಕೇಳುತ್ತಾಳೆ. "ಮಗುವನ್ನು ಶಾಲೆಗೆ ಬಿಟ್ಟದ್ದು ಯಾರು ಅಕ್ಕ?"

"ನಾನೇ. ಅಲ್ಲಿಂದ ಬೀಡಿ ಬ್ರಾಂಚಿಗೆ ಹೋಗಿ ಬೀಡಿ ಕೊಟ್ಟು ಎಲೆ ತಂದೆ. ಬರುವಾಗ ರೇಷನ್ ಅಂಗಡಿಗೆ ಹೋದೆ. ಮತ್ತೆ ಸಂಜೆ ಮಗುವನ್ನು ಕರ್ಕೊಂಡು ಬಂದೆ, ಅಷ್ಟೇ."

ಎಣಿಸಿ ನೋಡಿ. ಮನೆಯಿಂದ ಶಾಲೆ, ಶಾಲೆಯಿಂದ ಬ್ರಾಂಚು, ಬ್ರಾಂಚಿನಿಂದ ರೇಷನ್ ಅಂಗಡಿ, ಅಂಗಡಿಯಿಂದ ಮನೆ, ಸಂಜೆ ಶಾಲೆಗೆ ಹೋಗಿದ್ದು, ಬಂದದ್ದು. ಆರು ಟ್ರಿಪ್. ಗಂಡನದರ ಮೂರು ಪಟ್ಟು. ಎಲ್ಲವೂ ನಡೆದುಕೊಂಡು. ಅದರಲ್ಲಿ ಬೀಡಿ ಬ್ರಾಂಚಿನದ್ದು ಅಪ್ಪಟ ದುಡಿಮೆಯ ಪ್ರಯಾಣ. 2011ರ ಜನಗಣತಿಯಲ್ಲಿ ಕೆಲಸಕ್ಕೆ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂಬ ಪ್ರಶ್ನೆ ಇತ್ತು. ಆದರೆ ಕೃಷಿಯಲ್ಲಿ ಮತ್ತು ಮನೆಯ ಉದ್ಯಮದಲ್ಲಿ ಇರುವವರಿಗೆ ಆ ಪ್ರಶ್ನೆಯೇ ಇರಲಿಲ್ಲ. ಮನೆಯಲ್ಲೇ ಬೀಡಿ ಕಟ್ಟುವ ಕರಾವಳಿಯ ಎಷ್ಟೊಂದು ಹೆಂಗಸರು ಅಲ್ಲೇ ಲೆಕ್ಕದಿಂದ ಹೊರಗಾದರು!

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. ಮಕ್ಕಳನ್ನು ಬಿಡುವುದು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮನೆಗೆ ಸಾಮಾನು ತರುವುದು ಇವನ್ನೆಲ್ಲ ಸರ್ವೆಗಳು 'ಶಾಪಿಂಗ್', 'ಸ್ವಂತ ಕೆಲಸ', 'ಇತರೆ' ಎಂದು ಚೂರು ಚೂರು ಮಾಡಿ ಹಾಕುತ್ತವೆ ಎಂದು ಸ್ಪೇನಿನ ಸಂಶೋಧಕಿ ಇನೆಸ್ ಸಾಂಚೆಜ್ ದೆ ಮದರಿಯಾಗ ತೋರಿಸಿಕೊಟ್ಟರು. ಅವನ್ನು 'ಆರೈಕೆಯ ಪ್ರಯಾಣ' ಎಂದು ಒಂದೇ ಕಡೆ ಸೇರಿಸಿ ನೋಡಿ ಎಂಬುದು ಅವರ ವಾದ. ಸೇರಿಸಿದಾಗಲೇ ಅದರ ಗಾತ್ರ ಕಾಣುವುದು.

ಇನ್ನು ಎರಡನೆಯ ಹಂತ. ಹೊರಟ ಟ್ರಿಪ್‌ಗಳು ಎಲ್ಲಿಗೆ ಹೋಗುತ್ತವೆ? ಇಲ್ಲಿ ನ್ಯೂಟನ್ನನ ಗುರುತ್ವಾಕರ್ಷಣೆಯ ಸೂತ್ರವನ್ನು ಹೋಲುವ ಲೆಕ್ಕ ಬರುತ್ತದೆ. ಎರಡು ಜಾಗಗಳು ದೊಡ್ಡದಿದ್ದಷ್ಟೂ ನಡುವಿನ ಓಡಾಟ ಜಾಸ್ತಿ, ದೂರ ಇದ್ದಷ್ಟೂ ಕಡಿಮೆ. 19ನೇ ಶತಮಾನದ ಕೊನೆಗೇ ಎಡ್ವರ್ಡ್ ಲಿಲ್ ಎಂಬ ಆಸ್ಟ್ರಿಯಾದ ಎಂಜಿನಿಯರ್ ರೈಲ್ವೆ ಪ್ರಯಾಣಿಕರ ಲೆಕ್ಕ ನೋಡಿ ಇಂಥದ್ದೊಂದು ನಿಯಮ ಹೇಳಿದ್ದರು. ಆದರೆ ದೂರ ಅಂದರೆ ಯಾವುದು? ಸುಲ್ತಾನ್ ಬತ್ತೇರಿಯ ದಡದಲ್ಲಿ ನಿಂತರೆ ಎದುರಿಗೇ ತಣ್ಣೀರುಬಾವಿ. ದೋಣಿಯಲ್ಲಿ ಕೆಲವೇ ನಿಮಿಷ. ಅದೇ ಬಸ್ಸಿನಲ್ಲೋ ಕಾರಿನಲ್ಲೋ ಹೋಗಬೇಕಾದರೆ ಕೂಳೂರು ಸೇತುವೆ ಸುತ್ತಿ, ಪಣಂಬೂರು ಕಡೆಯಿಂದ ಬರಬೇಕು. ಕಂಪ್ಯೂಟರಿಗೆ ನಕ್ಷೆಯ ನೇರ ಗೆರೆ ಕೊಟ್ಟರೆ ಒಂದು ಉತ್ತರ, ರಸ್ತೆಯ ದೂರ ಕೊಟ್ಟರೆ ಇನ್ನೊಂದು, ದೋಣಿಯನ್ನು ಸೇರಿಸಿದರೆ ಮತ್ತೊಂದು. ನೇತ್ರಾವತಿ, ಫಲ್ಗುಣಿ ಎರಡು ನದಿ, ಮೇಲಿಂದ ಗುಡ್ಡ. ಬಯಲಿನ ಊರಿನಲ್ಲಿ ಹೊಂದಿಸಿದ ಸೂತ್ರವನ್ನು ಇಲ್ಲಿಗೆ ಹಾಗೇ ತಂದು ಹಾಕಲು ಬರುವುದಿಲ್ಲ.

ಮೂರನೆಯ ಹಂತ ನನಗೆ ತುಂಬ ಇಷ್ಟ. ಮನುಷ್ಯ ಬಸ್ಸು ಬಿಟ್ಟು ಬೈಕು ಯಾಕೆ ಹತ್ತುತ್ತಾನೆ? ಅರ್ಥಶಾಸ್ತ್ರಜ್ಞ ಡ್ಯಾನಿಯಲ್ ಮ್ಯಾಕ್‌ಫ್ಯಾಡನ್ ಇದನ್ನು 1970ರ ದಶಕದಲ್ಲಿ ಹಿಡಿದು ಕೂತರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಆಗ ಬಾರ್ಟ್ ಎಂಬ ಹೊಸ ರೈಲು ಬರುತ್ತಿತ್ತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಜನ ಅದನ್ನು ಹತ್ತುತ್ತಾರೆ ಎಂದು ಅಧಿಕೃತ ಅಂದಾಜು ಹೇಳಿತ್ತು. ಅದು ವಲಯಗಳ ಒಟ್ಟು ಲೆಕ್ಕದಿಂದ ಬಂದದ್ದು. ಮ್ಯಾಕ್‌ಫ್ಯಾಡನ್ ಎಂಟುನೂರಕ್ಕೂ ಕಡಿಮೆ ಜನರನ್ನು ತೆಗೆದುಕೊಂಡರು. ಆದರೆ ಒಬ್ಬೊಬ್ಬರಿಗೂ ಮುಂದೆ ಯಾವ ಯಾವ ಆಯ್ಕೆ ಇತ್ತು, ಎಷ್ಟು ಹೊತ್ತು ನಡೆಯಬೇಕಿತ್ತು, ಎಷ್ಟು ಕಾಯಬೇಕಿತ್ತು, ಎಷ್ಟು ಖರ್ಚಾಗುತ್ತಿತ್ತು ಎಂದು ಬಿಡಿಬಿಡಿಯಾಗಿ ನೋಡಿದರು. ಅವರ ಅಂದಾಜು ನೂರಕ್ಕೆ 6.3. ರೈಲು ಓಡಿದ ಮೇಲೆ ಸಿಕ್ಕಿದ್ದು 6.2. ಈ ದಾರಿಯ ಕೆಲಸಕ್ಕಾಗಿ 2000ದಲ್ಲಿ ಅವರಿಗೆ ನೊಬೆಲ್ ಬಂತು.

ಹೀಗೆ ಒಬ್ಬೊಬ್ಬರನ್ನು ನೋಡುವ ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಬಸ್ಸಿನೊಳಗೆ ಕಳೆದ ಹತ್ತು ನಿಮಿಷಕ್ಕಿಂತ ಬಸ್ಸಿಗೆ ಕಾದ ಹತ್ತು ನಿಮಿಷ ಭಾರ. ಸಾಮಾನ್ಯವಾಗಿ ಎರಡು ಪಟ್ಟಿನಷ್ಟು. ಆಟಿ ತಿಂಗಳ ಮಳೆಯಲ್ಲಿ, ಸೂರಿಲ್ಲದ ಸ್ಟಾಪಿನಲ್ಲಿ, ರಾತ್ರಿ ಎಂಟರ ಮೇಲೆ ಟ್ರಿಪ್ ಕಟ್ ಆಯ್ತೋ ಏನೋ ಎಂದು ಗೊತ್ತಾಗದೆ ನಿಂತವರಿಗೆ ಅದು ಎಷ್ಟು ಪಟ್ಟು? ಅದನ್ನು ಇಲ್ಲೇ ಅಳೆಯಬೇಕು.

ಅಳೆಯಲು ಒಂದು ಅಪರೂಪದ ಅವಕಾಶವೂ ನಮ್ಮ ಕಣ್ಣೆದುರಿಗೇ ಉಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾಯಿತು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಅಂದರೆ ಒಂದೇ ರಸ್ತೆಯಲ್ಲಿ ಒಂದು ಬಸ್ಸು ಉಚಿತ, ಇನ್ನೊಂದಕ್ಕೆ ದುಡ್ಡು ಕೊಡಬೇಕು. ಸ್ಟಾಪಿನಲ್ಲಿ ಒಬ್ಬ ಹೆಂಗಸು ಆಧಾರ್ ಕಾರ್ಡ್ ಹಿಡಿದು ನಿಂತಿದ್ದಾರೆ. 15 ರೂಪಾಯಿಯ ಖಾಸಗಿ ಬಸ್ಸು ಬಂತು. ಸರ್ಕಾರಿ ಬಸ್ಸಿಗೆ ಇನ್ನೂ 20 ನಿಮಿಷ ಇದೆ. ಅವರು ಕಾದರೆ ಆ 20 ನಿಮಿಷ ಅವರಿಗೆ 15 ರೂಪಾಯಿಗಿಂತ ಕಡಿಮೆ. ಹತ್ತಿದರೆ 15 ರೂಪಾಯಿಗಿಂತ ಜಾಸ್ತಿ. ಪ್ರಶ್ನೆಪತ್ರಿಕೆಯೇ ಬೇಡ, ಅವರು ಮಾಡಿದ್ದೇ ಉತ್ತರ. ಬಿಸಿಲಲ್ಲಿ, ಮಳೆಯಲ್ಲಿ, ಬೆಳಗ್ಗೆ ಶಾಲೆ ಕಾಲೇಜಿನ ಹೊತ್ತಿಗೆ, ರಾತ್ರಿ ಹೊತ್ತಿಗೆ ಇದನ್ನು ಬೇರೆ ಬೇರೆಯಾಗಿ ನೋಡಿದರೆ ಕಾಯುವಿಕೆಯ ಬೆಲೆ ಕರಾವಳಿಯ ಜನರ ಲೆಕ್ಕದಲ್ಲೇ ಸಿಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇನ್ನೇನು ಬೇಕು? ದೊಡ್ಡ ಖರ್ಚಿಲ್ಲ, ಒಂದು ಕೊಡೆ ಮತ್ತು ತಾಳ್ಮೆ ಇದ್ದರೆ ಸಾಕು.

ನಾಲ್ಕನೆಯ ಹಂತದಲ್ಲಿ ಟ್ರಿಪ್‌ಗಳನ್ನೆಲ್ಲ ರಸ್ತೆಗಳ ಮೇಲೆ ಇಡುತ್ತಾರೆ. ಅಮೆರಿಕದ ರಸ್ತೆ ಇಲಾಖೆ 1964ರಲ್ಲಿ ಕೊಟ್ಟ ಸೂತ್ರ ಇಲ್ಲಿ ಈಗಲೂ ಬಳಕೆಯಲ್ಲಿದೆ. ರಸ್ತೆ ಖಾಲಿ ಇದ್ದಾಗ 10 ನಿಮಿಷದ ದಾರಿಗೆ, ತಾಳಿಕೊಳ್ಳುವಷ್ಟು ಗಾಡಿ ಬಂದಾಗ 11.5 ನಿಮಿಷ. ಅದರ ಒಂದೂವರೆ ಪಟ್ಟು ಬಂದರೆ ಸುಮಾರು 17.6. ಎರಡು ಪಟ್ಟು ಬಂದರೆ 34. ಗಾಡಿ ಸ್ವಲ್ಪ ಸ್ವಲ್ಪ ಹೆಚ್ಚಿದರೂ ತಡ ಆಗುವುದು ಒಮ್ಮೆಲೇ ಜಿಗಿಯುತ್ತದೆ. ಕೂಳೂರು ಸೇತುವೆಯಲ್ಲಿ ಸಂಜೆ ಸಿಕ್ಕಿಹಾಕಿಕೊಂಡವರಿಗೆ ಸೂತ್ರ ಹೇಳಿಕೊಡಬೇಕಾಗಿಲ್ಲ, ಅಲ್ವಾ? ಹಾಗಾದರೆ ರಸ್ತೆ ಅಗಲ ಮಾಡಿದರೆ ಆಯ್ತಲ್ಲ ಎನ್ನಬಹುದು. ಅಮೆರಿಕದ ನಗರಗಳ ಹೆದ್ದಾರಿಗಳನ್ನು ಅಧ್ಯಯನ ಮಾಡಿದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ಹೇಳಿದ್ದು, ರಸ್ತೆ ಎಷ್ಟು ಹೆಚ್ಚುತ್ತದೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗಾಡಿಗಳ ಓಡಾಟವೂ ಹೆಚ್ಚುತ್ತದೆ ಎಂದು. ರಸ್ತೆ ಸರಾಗವಾದಾಗ ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ, ದೂರದಲ್ಲಿ ಮನೆ ಮಾಡುತ್ತಾರೆ. ನಾಲ್ಕನೆಯ ಹಂತದ ಉತ್ತರವನ್ನು ವಾಪಸ್ ಮೊದಲ ಮೂರು ಹಂತಕ್ಕೆ ಕೊಟ್ಟು ಮತ್ತೆ ಲೆಕ್ಕ ಹಾಕದಿದ್ದರೆ ಇದು ಕಾಣುವುದೇ ಇಲ್ಲ.

ಅಂದಾಜುಗಳು ಎಷ್ಟು ತಪ್ಪುತ್ತವೆ ಎಂದು ಬೆಂಟ್ ಫ್ಲೂಬ್ಯರ್ಗ್ ಮತ್ತು ಜೊತೆಗಾರರು 2005ರಲ್ಲಿ 14 ದೇಶಗಳ 210 ಯೋಜನೆಗಳನ್ನು ತೆಗೆದು ನೋಡಿದರು. ರೈಲು ಯೋಜನೆಗಳಲ್ಲಿ ಬಂದ ಪ್ರಯಾಣಿಕರು ಸರಾಸರಿಯಲ್ಲಿ ಅಂದಾಜಿನ ಅರ್ಧದಷ್ಟು. ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟರಲ್ಲಿ ಅಂದಾಜು ನೂರಕ್ಕೆ 20ಕ್ಕಿಂತ ಜಾಸ್ತಿ ತಪ್ಪಿತ್ತು. ಕೋಟಿಗಟ್ಟಲೆ ದುಡ್ಡು ಸುರಿಯುವುದು ಇಂಥ ಅಂಕಿಗಳ ಮೇಲೆ.

ನಮ್ಮ ಕಡೆ ತಪ್ಪಲು ಇನ್ನೊಂದು ದಾರಿ ಇದೆ, ಮಳೆ. ಹಬ್ಬ, ರಜೆ, ಕೆಟ್ಟ ಹವೆ ಇಲ್ಲದ 'ಮಾಮೂಲಿ' ವಾರದಲ್ಲಿ ಸರ್ವೆ ಮಾಡಿ ಎಂದು ಪಠ್ಯ ಹೇಳುತ್ತದೆ. ಉಡುಪಿಯಲ್ಲಿ ಪರ್ಯಾಯ ಉತ್ಸವದ ದಿನ ಕಲ್ಸಂಕ ಜಂಕ್ಷನ್ನಿನಲ್ಲಿ ಎಣಿಸಬೇಡಿ ಎಂದರೆ ಒಪ್ಪೋಣ, ಅದು ಎರಡು ವರ್ಷಕ್ಕೊಮ್ಮೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ವರ್ಷದ ಮೂರರಲ್ಲಿ ಒಂದು ಪಾಲು ಮಳೆಗಾಲ. ಅದು ನಮಗೆ ಮಾಮೂಲಿಯೇ. ಜನವರಿಯ ಸರ್ವೆಯಲ್ಲಿ ಬೈಕಿನಲ್ಲಿ ಹೋದ ಮನುಷ್ಯ ಜುಲೈಯಲ್ಲಿ ಹೇಗೆ ಹೋದ ಎಂದು ಅದೇ ಮನೆಗೆ ಇನ್ನೊಮ್ಮೆ ಹೋಗಿ ಕೇಳಲೇಬೇಕು. ಮೊಬೈಲ್ ಟವರಿನ ಮಾಹಿತಿಯಿಂದ ಸುಲಭವಾಗಿ ತಿಳಿಯಬಹುದಲ್ಲ ಎನ್ನುವವರಿದ್ದಾರೆ. ಫೋನು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಟವರಿನಿಂದ ಸುಮಾರಾಗಿ ತಿಳಿಯುತ್ತದೆ. ಒಂದೇ ರಸ್ತೆಯಲ್ಲಿ ಅದು ಬಸ್ಸಿನಲ್ಲಿ ಹೋಯಿತೋ ಕಾರಿನಲ್ಲೋ ಎಂದು ಹೇಳುವುದು ಕಷ್ಟ. ಫೋನಿಲ್ಲದ ಮಗು, ಅಜ್ಜಿ ಮತ್ತೆ ಹೊರಗೇ. ಅದಕ್ಕಿಂತ ಬಸ್ ಕಂಡಕ್ಟರ ಕೈಯಲ್ಲಿರುವ ಟಿಕೆಟ್ ಮೆಷಿನ್ ಎಷ್ಟೋ ಮೇಲು. ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ, ಎಷ್ಟು ಗಂಟೆಗೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಮಾಲೀಕರು ಹಂಚಿಕೊಳ್ಳಲು ಮನಸ್ಸು ಮಾಡಬೇಕು, ಅಷ್ಟೇ.

ಊರಿನ ಸಾರಿಗೆ ಯೋಜನೆಯ ಕರಡು ಬಂದು ಸಾರ್ವಜನಿಕರ ಆಕ್ಷೇಪಣೆ ಕರೆದಾಗ ಬಣ್ಣದ ಚಿತ್ರಗಳನ್ನು ಬಿಟ್ಟು ಹಿಂದಿನ ಅನುಬಂಧ ತೆಗೆಯಿರಿ. ಎಷ್ಟು ಮನೆಗೆ ಹೋಗಿದ್ದರು, ಯಾವ ತಿಂಗಳು, ಮನೆಯ ಎಲ್ಲರನ್ನೂ ಕೇಳಿದರೋ ಯಜಮಾನನನ್ನು ಮಾತ್ರವೋ, ನಡಿಗೆಯನ್ನು ಟ್ರಿಪ್ ಎಂದು ಬರೆದುಕೊಂಡರೋ ಇಲ್ಲವೋ, ಬಸ್ಸಿಗೆ ಕಾಯುವ ಹೊತ್ತಿಗೆ ಎಷ್ಟು ಬೆಲೆ ಹಿಡಿದರು, ಆ ಬೆಲೆ ಎಲ್ಲಿಂದ ಬಂತು ಎಂಬುದು ಅಲ್ಲಿ ಇರಬೇಕು. ಇಲ್ಲದಿದ್ದರೆ ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ.