ಎರಡು ವರ್ಷದ ಗ್ರೀನ್ ಕಾರ್ಡ್, ಐ-751 ಮತ್ತು ದಿನ ಎಣಿಸುವ ಕೆಲಸ

ಮದುವೆಯ ಮೂಲಕ ಅಮೆರಿಕದ ಗ್ರೀನ್ ಕಾರ್ಡ್ ಬಂದಿದೆ, ಆದರೆ ಅದರ ಮೇಲೆ ಹತ್ತು ವರ್ಷದ ಬದಲು ಎರಡೇ ವರ್ಷದ ಅವಧಿ ಇದೆ ಅನ್ನುವವರಿಗೆ ಈ ಟಿಪ್ಪಣಿ. ನಮ್ಮ ಫೈಲ್ ಕಳಿಸುವ ತಯಾರಿಯಲ್ಲಿ ಓದಿದ್ದನ್ನೆಲ್ಲ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನಾನು ವಕೀಲೆಯಲ್ಲ. ನಿಮ್ಮ ಕೇಸಿನಲ್ಲಿ ವಿಚ್ಛೇದನ, ಪೊಲೀಸ್ ಕೇಸು, ಹಳೆಯ ವೀಸಾ ತೊಡಕು ಏನಾದರೂ ಇದ್ದರೆ ಇಷ್ಟನ್ನೇ ನಂಬಿ ಕೂರಬೇಡಿ.

ಯಾರಿಗೆ ಈ ಷರತ್ತು?

1986ರಲ್ಲಿ ಅಮೆರಿಕದ ಸಂಸತ್ತು ಮದುವೆ ಹೆಸರಿನ ವಲಸೆ ವಂಚನೆ ತಡೆಯಲು ಒಂದು ತಿದ್ದುಪಡಿ ತಂದಿತು. ಗ್ರೀನ್ ಕಾರ್ಡ್ ಸಿಕ್ಕ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಮೊದಲು ಷರತ್ತಿನ ಕಾರ್ಡ್ ಕೊಡುತ್ತಾರೆ. ಎರಡು ವರ್ಷದ ಕೊನೆಗೆ ಗಂಡ ಹೆಂಡತಿ ಇಬ್ಬರೂ ಸೇರಿ ಐ-751 ಅನ್ನುವ ಅರ್ಜಿ ಹಾಕಿ, ಮದುವೆ ನಿಜವಾದದ್ದು ಎಂದು ತೋರಿಸಬೇಕು. ಆಮೇಲೆ ಹತ್ತು ವರ್ಷದ ಕಾರ್ಡ್. ಉಳಿದಂತೆ ಷರತ್ತಿನ ಕಾರ್ಡಿಗೂ ಮಾಮೂಲಿ ಕಾರ್ಡಿಗೂ ಹಕ್ಕಿನಲ್ಲಿ ವ್ಯತ್ಯಾಸ ಇಲ್ಲ. ಕೆಲಸ ಮಾಡಬಹುದು, ಊರಿಗೆ ಹೋಗಿ ಬರಬಹುದು.

ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಎಚ್-1ಬಿ ಅನ್ನುವ ಕೆಲಸದ ವೀಸಾದ ದಾರಿ. ಗಂಡನ ಅಥವಾ ಹೆಂಡತಿಯ ಕೆಲಸದ ಮೇಲೆ ಬರುವ ಗ್ರೀನ್ ಕಾರ್ಡಿನಲ್ಲಿ ಸಂಗಾತಿಗೂ ನೇರವಾಗಿ ಹತ್ತು ವರ್ಷದ ಕಾರ್ಡೇ ಸಿಗುತ್ತದೆ, ಮದುವೆಯಾಗಿ ಆರು ತಿಂಗಳಾಗಿದ್ದರೂ. ಹಾಗಾಗಿ ಅಂಥ ಸ್ನೇಹಿತರನ್ನು ಕೇಳಿದರೆ "ಅಂಥದ್ದೇನೂ ಇಲ್ವಲ್ಲ" ಅನ್ನುತ್ತಾರೆ. ಅವರು ಹೇಳುವುದು ಅವರ ಮಟ್ಟಿಗೆ ಸರಿ. ನಿಮ್ಮ ದಾರಿ ಬೇರೆ.

ಎರಡು "ಎರಡು ವರ್ಷ"ಗಳು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಇದನ್ನು ಉದ್ದ ಬರೆಯುತ್ತೇನೆ.

ಈ ನಿಯಮದಲ್ಲಿ ಎರಡು ವರ್ಷ ಅನ್ನುವುದು ಎರಡು ಕಡೆ ಬರುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಮೊದಲನೆಯದು ಮದುವೆಯ ದಿನದಿಂದ ಗ್ರೀನ್ ಕಾರ್ಡ್ ಸಿಕ್ಕ ದಿನದವರೆಗೆ. ಷರತ್ತು ಬೀಳುತ್ತದೋ ಇಲ್ಲವೋ ಎಂದು ಹೇಳುವುದು ಇದು. ಎರಡನೆಯದು ಗ್ರೀನ್ ಕಾರ್ಡ್ ಸಿಕ್ಕ ದಿನದಿಂದ ಮುಂದಕ್ಕೆ. ಅರ್ಜಿ ಯಾವಾಗ ಹಾಕಬೇಕು ಎಂದು ಹೇಳುವುದು ಇದು. ಷರತ್ತು ಬಿತ್ತು ಎಂದಾದ ಮೇಲೆ ಗಡುವಿನ ಲೆಕ್ಕಕ್ಕೆ ಮದುವೆಯ ದಿನ ಬೇಡವೇ ಬೇಡ. ಮದುವೆಗೆ ಎರಡು ವರ್ಷ ತುಂಬಿತು ಅಂತ ಷರತ್ತು ತಾನಾಗಿ ಹೋಗುವುದೂ ಇಲ್ಲ.

ಒಂದು ಉದಾಹರಣೆ ಕಟ್ಟೋಣ. 2023ರ ಫೆಬ್ರವರಿ 10ರಂದು ದಾವಣಗೆರೆಯಲ್ಲಿ ಮದುವೆ. ಹುಡುಗ ಅಮೆರಿಕದ ಪ್ರಜೆ, ನ್ಯೂಜೆರ್ಸಿಯಲ್ಲಿದ್ದಾನೆ. ಹುಡುಗಿಗೆ ಮುಂಬೈ ಕಾನ್ಸುಲೇಟಿನಲ್ಲಿ ವಲಸೆ ವೀಸಾ ಆಯಿತು. 2024ರ ಜೂನ್ 16ರಂದು ಅಮೆರಿಕದಲ್ಲಿ ಇಳಿದಳು. ಮದುವೆಯಾಗಿ ಒಂದು ವರ್ಷ ನಾಲ್ಕು ತಿಂಗಳು. ಎರಡು ತುಂಬಿಲ್ಲ, ಹಾಗಾಗಿ ಸಿಆರ್1 ಅನ್ನುವ ವರ್ಗ, ಅಂದರೆ ಷರತ್ತಿನ ಕಾರ್ಡ್. ಅವಳು ಕಾಯಂ ನಿವಾಸಿಯಾದದ್ದು ಇಳಿದ ದಿನ. ವೀಸಾ ಅಚ್ಚಾದ ದಿನವಲ್ಲ, ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬಂದ ದಿನವೂ ಅಲ್ಲ. ಅಮೆರಿಕದ ಒಳಗಿದ್ದುಕೊಂಡೇ ಅರ್ಜಿ ಹಾಕಿದವರಿಗೆ, ಅಂದರೆ ಎಚ್-1ಬಿಯಲ್ಲೋ ಕೆ-1 (ಮದುವೆ ನಿಶ್ಚಯವಾದವರ) ವೀಸಾದಲ್ಲೋ ಬಂದು ಮದುವೆಯಾದವರಿಗೆ, ಅದು ಅರ್ಜಿ ಮಂಜೂರಾದ ದಿನ. ಎರಡೂ ಬಗೆಯವರಿಗೆ ಕಾರ್ಡಿನ ಮೇಲೆ "ರೆಸಿಡೆಂಟ್ ಸಿನ್ಸ್" ಎಂದು ಇರುವ ತಾರೀಖೇ ಲೆಕ್ಕ.

ಈ ಮೊದಲನೇ ಲೆಕ್ಕದಲ್ಲಿ ಒಂದು ಸ್ವಾರಸ್ಯ ಇದೆ. ಸಿಆರ್1 ವೀಸಾ ಕೈಯಲ್ಲಿದೆ, ಮದುವೆಗೆ ಎರಡು ವರ್ಷ ತುಂಬಲು ಹದಿನೈದು ದಿನ ಬಾಕಿ ಇದೆ, ವೀಸಾದ ಅವಧಿ ಇನ್ನೂ ಮುಗಿದಿಲ್ಲ ಎಂದುಕೊಳ್ಳಿ. ಆಗ ವಿಮಾನದ ಟಿಕೆಟ್ಟನ್ನು ಎರಡನೇ ವಾರ್ಷಿಕೋತ್ಸವದ ಮರುದಿನಕ್ಕೆ ತಳ್ಳಿದರೆ ಷರತ್ತೇ ಬೀಳುವುದಿಲ್ಲ. ಇಳಿಯುವ ದಿನಕ್ಕೆ ಎರಡು ವರ್ಷ ತುಂಬಿರುವುದರಿಂದ ಷರತ್ತಿಲ್ಲದ ಐಆರ್1 ವರ್ಗ ಎಂದು ದಾಖಲಾಗಬೇಕು. ವೀಸಾ ಹಾಳೆಯ ಮೇಲೆ ಸಿಆರ್1 ಎಂದೇ ಇರುತ್ತದಲ್ಲ, ಅದಕ್ಕೆ ವಿಮಾನ ನಿಲ್ದಾಣದ ವಲಸೆ ಅಧಿಕಾರಿಗೆ ಮದುವೆ ಪ್ರಮಾಣಪತ್ರ ತೋರಿಸಿ, ತಿದ್ದಿಕೊಡಿ ಎಂದು ಅಲ್ಲೇ ಕೇಳಬೇಕು. ಹದಿನೈದು ದಿನ ಅಮ್ಮನ ಮನೆಯಲ್ಲಿ ಜಾಸ್ತಿ ಇದ್ದರೆ ಒಂದು ಇಡೀ ಅರ್ಜಿ, ಅದರ ಶುಲ್ಕ, ಕಾಯುವ ಕಾಟ ಎಲ್ಲ ಉಳಿಯಿತು. ನನಗೆ ಇದು ಈ ಇಡೀ ವಿಷಯದಲ್ಲೇ ತುಂಬಾ ಇಷ್ಟವಾದ ಭಾಗ.

ಪ್ರಮಾಣಪತ್ರ ಅಂದಾಗ ಇನ್ನೊಂದು. ನಮ್ಮಲ್ಲಿ ಮದುವೆ ಛತ್ರದಲ್ಲಿ ಒಂದು ದಿನ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಇನ್ನೊಂದು ದಿನ. ಶಾಸ್ತ್ರೋಕ್ತವಾಗಿ ಮದುವೆಯಾಗಿ ಆಮೇಲೆ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಿಸಿದವರಿಗೆ ಮದುವೆಯ ದಿನ ಎಂದರೆ ಧಾರೆ ಆದ ದಿನ, ನೋಂದಣಿಯ ದಿನ ಅಲ್ಲ. ಎಲ್ಲ ಫಾರ್ಮುಗಳಲ್ಲೂ ಅದೇ ತಾರೀಖು ಬರೆಯಿರಿ. ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಬರೆದರೆ ಸುಮ್ನೆ ಅನುಮಾನ ಹುಟ್ಟಿಸಿದ ಹಾಗೆ.

90 ದಿನ ಅಂದರೆ ಮೂರು ತಿಂಗಳಲ್ಲ

ಈಗ ಎರಡನೇ ಲೆಕ್ಕ. ಜಂಟಿ ಅರ್ಜಿಯನ್ನು ಕಾಯಂ ನಿವಾಸದ ಎರಡನೇ ವರ್ಷ ತುಂಬುವ ದಿನಕ್ಕೆ ಮುಂಚಿನ 90 ದಿನಗಳ ಒಳಗೆ ಹಾಕಬೇಕು. ಅದಕ್ಕಿಂತ ಮುಂಚೆ ಹಾಕಿದರೆ ವಾಪಸ್ ಬರುತ್ತದೆ. ಆಮೇಲೆ ಹಾಕಿದರೆ ತಡವಾಯಿತು.

ನಮ್ಮ ದಾವಣಗೆರೆ ಹುಡುಗಿಗೆ ಎರಡು ವರ್ಷ ತುಂಬುವುದು 2026ರ ಜೂನ್ 16ಕ್ಕೆ. ಮೂರು ತಿಂಗಳು ಹಿಂದೆ ಹೋದರೆ ಮಾರ್ಚ್ 16. ಆದರೆ ಅದು 92 ದಿನ ಹಿಂದೆ! ಸರಿಯಾಗಿ ಎಣಿಸೋಣ. ಜೂನ್ 16ರಿಂದ 16 ದಿನ ಹಿಂದೆ ಹೋದರೆ ಮೇ 31. ಅಲ್ಲಿಂದ 31 ದಿನ ಹಿಂದೆ ಏಪ್ರಿಲ್ 30. ಇಲ್ಲಿಗೆ 47. ಇನ್ನೂ 30 ಹೋದರೆ ಮಾರ್ಚ್ 31, ಒಟ್ಟು 77. ಉಳಿದದ್ದು 13, ಹಾಗಾಗಿ ಮಾರ್ಚ್ 18. ಬಾಗಿಲು ತೆರೆಯುವುದು ಆ ದಿನ. ಮಾರ್ಚ್ 16ಕ್ಕೆ ಅವಳ ಲಕೋಟೆ ತಲುಪಿದರೆ ಅದು ಎರಡು ದಿನ ಬೇಗ.

ಹಾಗಾದರೆ "ನಾನು ಮೂರು ತಿಂಗಳು ಅಂತಲೇ ಎಣಿಸಿದ್ದೆ, ಏನೂ ಆಗಲಿಲ್ಲ" ಎನ್ನುವವರು ಯಾಕೆ ಸಿಗುತ್ತಾರೆ? ನಡುವೆ ಫೆಬ್ರವರಿ ಬಂದಿರುತ್ತದೆ. ಗಡುವು 2026ರ ಮಾರ್ಚ್ 4 ಆಗಿದ್ದರೆ 90 ದಿನ ಹಿಂದೆ ಅಂದರೆ 2025ರ ಡಿಸೆಂಬರ್ 4. ಮೂರು ತಿಂಗಳು ಹಿಂದೆ ಅಂದರೂ ಡಿಸೆಂಬರ್ 4. ಪುಣ್ಯಕ್ಕೆ ಎರಡೂ ಒಂದೇ ಆಯಿತು. ಗಡುವು ಜೂನ್‌ನಿಂದ ಫೆಬ್ರವರಿಯೊಳಗೆ ಬಿದ್ದವರಿಗೆ ಈ ಅದೃಷ್ಟ ಇಲ್ಲ, ಅವರ ಮೂರು ತಿಂಗಳು 91 ಅಥವಾ 92 ದಿನ.

ಇನ್ನೊಂದು ಗುಂಡಿ ಕಾರ್ಡಿನ ಮೇಲೇ ಇದೆ. ಅಲ್ಲಿ ತಾರೀಖು ಅಮೆರಿಕದ ಕ್ರಮದಲ್ಲಿ ಇರುತ್ತದೆ, ತಿಂಗಳು ಮೊದಲು. 03/04/24 ಎಂದಿದ್ದರೆ ನಮ್ಮ ಕಣ್ಣಿಗೆ ಅದು ಏಪ್ರಿಲ್ 3. ಆದರೆ ಅದು ಮಾರ್ಚ್ 4. ಏಪ್ರಿಲ್ 3 ಎಂದುಕೊಂಡವರು ಮಾರ್ಚ್ ಕೊನೇ ವಾರದಲ್ಲಿ ಆರಾಮಾಗಿ ಅಂಚೆಗೆ ಹಾಕುತ್ತಾರೆ. ಅಷ್ಟು ಹೊತ್ತಿಗೆ ಗಡುವು ಮುಗಿದು ಮೂರು ವಾರ. ಜೂನ್ 16ರಂಥ ತಾರೀಖಿಗೆ ಈ ಗೊಂದಲ ಬರುವುದಿಲ್ಲ, 16ನೇ ತಿಂಗಳು ಇಲ್ಲವಲ್ಲ. 12ರ ಒಳಗಿನ ತಾರೀಖಿನವರು ಮಾತ್ರ ಎರಡು ಸಲ ನೋಡಿಕೊಳ್ಳಿ.

ಹಬ್ಬಕ್ಕೆ ಊರಿಗೆ ಹೋಗಲು ರೈಲಿನ ಮುಂಗಡ ಬುಕಿಂಗ್ ತೆರೆಯುವ ದಿನ ಎಣಿಸುತ್ತೇವಲ್ಲ, ಇದೂ ಹಾಗೆಯೇ, ಆದರೆ ಮೊದಲ ದಿನವೇ ಮುಗಿಬೀಳುವ ಅಗತ್ಯ ಇಲ್ಲ. ಇಲ್ಲಿ ಸೀಟು ಖಾಲಿಯಾಗುವುದಿಲ್ಲ. ಲೆಕ್ಕಕ್ಕೆ ಬರುವುದು ನೀವು ಅಂಚೆಗೆ ಹಾಕಿದ ದಿನವಲ್ಲ, ವಲಸೆ ಇಲಾಖೆಗೆ ತಲುಪಿದ ದಿನ. ಬಾಗಿಲು ತೆರೆದು ಒಂದು ವಾರಕ್ಕೆ ತಲುಪುವ ಹಾಗೆ ಕಳಿಸಿದರೆ ಎರಡೂ ಕಡೆ ನೆಮ್ಮದಿ. ವಾಪಸ್ ಬಂದರೂ ತಿದ್ದಿ ಮತ್ತೆ ಕಳಿಸಲು ಎರಡು ತಿಂಗಳಿಗಿಂತ ಜಾಸ್ತಿ ಉಳಿದಿರುತ್ತದೆ.

ಗಡುವು ದಾಟಿದರೆ? ಕಾನೂನಿನ ಪ್ರಕಾರ ಷರತ್ತಿನ ನಿವಾಸ ಎರಡನೇ ವರ್ಷ ತುಂಬಿದ ದಿನವೇ ಕೊನೆಯಾಗುತ್ತದೆ. ಆದರೂ ತಡವಾಗಿ ಜಂಟಿ ಅರ್ಜಿ ಹಾಕಬಹುದು, ತಡಕ್ಕೆ ತಕ್ಕ ಕಾರಣವನ್ನು ಬರಹದಲ್ಲಿ ಕೊಡಬೇಕು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು. ಬಾಣಂತನಕ್ಕೋ ಅಪ್ಪನ ಆಪರೇಷನ್‌ಗೋ ಊರಲ್ಲಿದ್ದರೂ ಗಡುವು ನಿಮಗಾಗಿ ಕಾಯುವುದಿಲ್ಲ. ಹೊರದೇಶದಲ್ಲಿದ್ದಾಗಲೂ ಅರ್ಜಿ ಹಾಕಬಹುದು, ಬೆರಳಚ್ಚಿಗೋ ಇಂಟರ್ವ್ಯೂಗೋ ಕರೆದರೆ ಬರಬೇಕು, ಅಷ್ಟೇ.

ಶುಲ್ಕ, ಸಹಿ

2024ರ ಏಪ್ರಿಲ್ 1ರಿಂದ ಶುಲ್ಕ 750 ಡಾಲರ್, ಬೆರಳಚ್ಚಿನ ಖರ್ಚು ಅದರಲ್ಲೇ ಸೇರಿದೆ. ಕಳಿಸುವ ದಿನ ವಲಸೆ ಇಲಾಖೆಯ ಪುಟದಲ್ಲಿ ಮೊತ್ತವನ್ನೂ ಫಾರ್ಮಿನ ಆವೃತ್ತಿಯ ತಾರೀಖನ್ನೂ ಮತ್ತೊಮ್ಮೆ ನೋಡಿ. 2025ರ ಅಕ್ಟೋಬರ್ ಕೊನೆಯಿಂದ ಚೆಕ್ಕು, ಮನಿ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಿಂದಾದರೆ ಜಿ-1450, ಬ್ಯಾಂಕ್ ಖಾತೆಯಿಂದಾದರೆ ಜಿ-1650 ಫಾರ್ಮು ತುಂಬಿ ಮೇಲಿಡಬೇಕು. ಇಬ್ಬರದೂ ಸಹಿ ಬೇಕು. ತಾಯಿಯ ಜೊತೆಗೇ ಅಥವಾ 90 ದಿನದೊಳಗೆ ಷರತ್ತಿನ ಕಾರ್ಡ್ ಪಡೆದ ಮಗುವನ್ನು ಅದೇ ಅರ್ಜಿಯಲ್ಲಿ ಸೇರಿಸಬಹುದು. ಆಮೇಲೆ ಪಡೆದಿದ್ದರೆ ಮಗುವಿಗೆ ಬೇರೆ ಅರ್ಜಿ.

ಪುರಾವೆ: ಆಲ್ಬಮ್ ಬೇಡ, ಕಾಗದ ಬೇಕು

ಅವರು ಹುಡುಕುವುದು ಇಬ್ಬರ ಬದುಕು ಒಂದಕ್ಕೊಂದು ಹೆಣೆದುಕೊಂಡಿದೆಯೇ ಎಂದು. ಮನೆ ಬಾಡಿಗೆಯ ಕರಾರಿನಲ್ಲಿ ಇಬ್ಬರ ಹೆಸರು, ಜಂಟಿ ಬ್ಯಾಂಕ್ ಖಾತೆ, ಜಂಟಿ ಟ್ಯಾಕ್ಸ್ ರಿಟರ್ನ್, ಆರೋಗ್ಯ ಮತ್ತು ಕಾರಿನ ವಿಮೆ, ಮಕ್ಕಳಿದ್ದರೆ ಜನನ ಪ್ರಮಾಣಪತ್ರ. ಟ್ಯಾಕ್ಸ್ ರಿಟರ್ನಿಗೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಟ್ರಾನ್ಸ್‌ಕ್ರಿಪ್ಟ್ ಪುಕ್ಕಟೆ ಸಿಗುತ್ತದೆ, ಅದನ್ನೇ ಇಡಿ. ಖಾತೆ ತೆರೆದಿದ್ದರೆ ಸಾಲದು, ಅದರಲ್ಲಿ ಸಂಬಳ ಬಂದು ದಿನಸಿ, ಬಾಡಿಗೆ, ಕರೆಂಟ್ ಬಿಲ್ ಹೋಗಿರಬೇಕು. ನೂರು ಡಾಲರ್ ಹಾಕಿ ಎರಡು ವರ್ಷ ಮುಟ್ಟದೆ ಬಿಟ್ಟ ಜಂಟಿ ಖಾತೆ ಏನನ್ನೂ ಹೇಳುವುದಿಲ್ಲ.

ಕಾಲದ ಹರವೂ ಮುಖ್ಯ. ಅರ್ಜಿಗೆ ಮುಂಚಿನ ಎರಡು ತಿಂಗಳ ಕಾಗದ ರಾಶಿ ಹಾಕುವುದಕ್ಕಿಂತ, ಮದುವೆಯಿಂದ ಇಂದಿನವರೆಗೆ ಅಲ್ಲಲ್ಲಿ ಒಂದೊಂದು ಇದ್ದರೆ ಒಳ್ಳೆಯದು. ಮದುವೆಯ ಫೋಟೋ ಐನೂರು ಇರುತ್ತವೆ ನಮ್ಮಲ್ಲಿ. ಅದರಲ್ಲಿ ನಾಲ್ಕು ಸಾಕು, ಉಳಿದ ಜಾಗವನ್ನು ಬೇರೆ ಬೇರೆ ವರ್ಷದ, ಎರಡೂ ಮನೆಯವರಿರುವ ಫೋಟೋಗಳಿಗೆ ಕೊಡಿ.

ಅತ್ತೆ ಮಾವನ ಮನೆಯಲ್ಲೇ ಇರುವವರಿಗೆ ಒಂದು ಕಷ್ಟ. ಬಾಡಿಗೆ ಕರಾರು ಇರುವುದಿಲ್ಲ, ಬಿಲ್ಲೆಲ್ಲ ಮಾವನ ಹೆಸರಿನಲ್ಲಿ. ಆಗ ಮಾವನಿಂದ ಒಂದು ಪ್ರಮಾಣಿತ ಹೇಳಿಕೆ, ಇಬ್ಬರ ಡ್ರೈವಿಂಗ್ ಲೈಸೆನ್ಸಿನಲ್ಲೂ ಅದೇ ವಿಳಾಸ, ಆ ವಿಳಾಸಕ್ಕೆ ಇಬ್ಬರಿಗೂ ಬಂದ ಬ್ಯಾಂಕಿನ ಕಾಗದಗಳು, ಹೀಗೆ ಕಟ್ಟಿಕೊಳ್ಳಬೇಕು. ಊರಿನ ಕಡೆಯ ಜಂಟಿ ಎಸ್‌ಬಿ ಖಾತೆ, ಎಲ್‌ಐಸಿ ಪಾಲಿಸಿಯ ನಾಮಿನಿ, ಇಲ್ಲಿನ ನಿವೃತ್ತಿ ಉಳಿತಾಯದ 401(ಕೆ) ಖಾತೆಯಲ್ಲಿ ಸಂಗಾತಿಯ ಹೆಸರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕನ್ನಡದಲ್ಲಿರುವ ಕಾಗದ ಇಟ್ಟರೆ ಜೊತೆಗೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅನುವಾದಿಸಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ತಿ ಮತ್ತು ಸರಿ" ಎಂದು ಸಹಿ ಹಾಕಿರಬೇಕು. ಅನುವಾದಕರಿಗೆ ಯಾವ ಸರ್ಕಾರಿ ಮಾನ್ಯತೆಯೂ ಬೇಕಿಲ್ಲ.

ಗೆಳೆಯರ ಹೇಳಿಕೆ ಕೊಡುವುದಾದರೆ ಕನಿಷ್ಠ ಇಬ್ಬರದು. ಷರತ್ತಿನ ಕಾರ್ಡ್ ಬಂದಾಗಿನಿಂದ ನಿಮ್ಮಿಬ್ಬರನ್ನೂ ಬಲ್ಲವರಾಗಿರಬೇಕು. ಹೇಳಿಕೆ ಒಂದನ್ನೇ ನಂಬಿಕೊಳ್ಳುವ ಹಾಗಿಲ್ಲ, ಬೇರೆ ಪುರಾವೆಯೂ ಜೊತೆಗಿರಬೇಕು.

ರಸೀದಿ ಬಂದ ಮೇಲೆ

ಐ-751 ತಲುಪಿತು ಎಂದು ಬರುವ ರಸೀದಿಯನ್ನು ಜೋಪಾನ ಮಾಡಿ. 2023ರ ಜನವರಿಯಿಂದ ಅದು ಅವಧಿ ಮುಗಿದ ಕಾರ್ಡನ್ನು 48 ತಿಂಗಳು ಮುಂದಕ್ಕೆ ಎಳೆಯುತ್ತದೆ. ಹಳೆಯ ಕಾರ್ಡ್ ಮತ್ತು ಮೂಲ ರಸೀದಿ, ಎರಡೂ ಕೈಯಲ್ಲಿದ್ದರೆ ಬೆಂಗಳೂರಿಗೆ ಹೋಗಿ ಬರಬಹುದು, ಕೆಲಸ ಬದಲಿಸಬಹುದು. ತೀರ್ಮಾನಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುವುದು ಮಾಮೂಲು. ಕಾಗದ ಗಟ್ಟಿಯಾಗಿದ್ದರೆ ಇಂಟರ್ವ್ಯೂ ಇಲ್ಲದೆಯೂ ಆಗಬಹುದು. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಿ, ಇಲ್ಲದಿದ್ದರೆ ಹೆಚ್ಚಿನ ಪುರಾವೆ ಕೇಳಿದ ಪತ್ರ ಹಳೇ ಮನೆಗೆ ಹೋಗಿ ಕೂತಿರುತ್ತದೆ.

ಜೊತೆಗೆ ಸಹಿ ಹಾಕುವವರಿಲ್ಲದಿದ್ದರೆ

ವಿಚ್ಛೇದನವಾಗಿದ್ದರೆ, ಸಂಗಾತಿ ತೀರಿಕೊಂಡಿದ್ದರೆ, ಹೊಡೆತ ಬಡಿತ ಅಥವಾ ಕ್ರೌರ್ಯ ಇದ್ದರೆ, ದೇಶ ಬಿಡಿಸಿದರೆ ತೀವ್ರ ಸಂಕಷ್ಟವಾಗುವುದಿದ್ದರೆ, ಒಬ್ಬರೇ ಅರ್ಜಿ ಹಾಕಬಹುದು. ಇವರಿಗೆ 90 ದಿನದ ಕಟ್ಟು ಇಲ್ಲ. ಮುಂಚೆಯೂ ಹಾಕಬಹುದು, ಆಮೇಲೂ ಹಾಕಬಹುದು. "ಸಹಿ ಹಾಕಲ್ಲ, ವಾಪಸ್ ಹೋಗ್ತೀಯ ನೋಡು" ಎಂದು ಗಂಡ ಹೆದರಿಸಿದರೆ ಅಷ್ಟಕ್ಕೇ ದಾರಿ ಮುಚ್ಚಿತು ಎಂದುಕೊಳ್ಳಬೇಡಿ, ಮೇಲಿನ ಕಾರಣಗಳಲ್ಲಿ ಒಂದಿದ್ದರೆ ಒಬ್ಬರೇ ಹಾಕಬಹುದು. ಕ್ರೌರ್ಯದ ಕಾರಣಕ್ಕೆ ಹಾಕುವ ಅರ್ಜಿಗೆ ವಿಚ್ಛೇದನ ಆಗಿರಲೇಬೇಕು ಎಂದೂ ಇಲ್ಲ, ಅದೇ ಮನೆಯಲ್ಲಿ ಇರುವಾಗಲೂ ಹಾಕಬಹುದು. ಇಂಥ ಕೇಸಿಗಂತೂ ವಕೀಲರ ಬಳಿ ಹೋಗಿ, ದುಡ್ಡಿನ ಮುಖ ನೋಡಬೇಡಿ. ಜಂಟಿ ಅರ್ಜಿ ನಡೆಯುತ್ತಿರುವಾಗಲೇ ವಿಚ್ಛೇದನವಾದರೆ ಅದೇ ಅರ್ಜಿಯನ್ನು ಒಬ್ಬರದಾಗಿ ಬದಲಿಸಿಕೊಡಿ ಎಂದು ಕೇಳಬಹುದು.

ಪೌರತ್ವದ ಮೂರು ವರ್ಷ

ಪ್ರಜೆಯನ್ನು ಮದುವೆಯಾದವರು ಮೂರು ವರ್ಷಕ್ಕೆ ಪೌರತ್ವದ ಅರ್ಜಿಯಾದ ಎನ್-400 ಹಾಕಬಹುದು, ಷರತ್ತಿನ ಎರಡು ವರ್ಷವೂ ಅದರಲ್ಲಿ ಸೇರುತ್ತದೆ. ಐ-751 ಇನ್ನೂ ಬಾಕಿ ಇದ್ದರೂ ಹಾಕಬಹುದು. ಆದರೆ ಐ-751 ತೀರ್ಮಾನವಾಗದೆ ಪೌರತ್ವ ಕೊಡುವುದಿಲ್ಲ, ಹಾಗಾಗಿ ಎಷ್ಟೋ ಸಲ ಎರಡನ್ನೂ ಒಂದೇ ಇಂಟರ್ವ್ಯೂನಲ್ಲಿ ಮುಗಿಸುತ್ತಾರೆ.

ಇಲ್ಲೂ 90 ದಿನ ಮುಂಚೆ ಹಾಕುವ ಅವಕಾಶ ಇದೆ. ಆದರೆ ಆ ರಿಯಾಯಿತಿ ನಿವಾಸದ ಮೂರು ವರ್ಷಕ್ಕೆ ಮಾತ್ರ. ಪ್ರಜೆಯಾದ ಸಂಗಾತಿಯ ಜೊತೆ ಮೂರು ವರ್ಷ ಕೂಡಿ ಬಾಳಿರಬೇಕು ಅನ್ನುವ ಇನ್ನೊಂದು ನಿಯಮ ಅರ್ಜಿ ಹಾಕುವ ದಿನಕ್ಕೇ ಪೂರ್ತಿಯಾಗಿರಬೇಕು. ದಾವಣಗೆರೆ ಹುಡುಗಿ ಅಮೆರಿಕಕ್ಕೆ ಬರುವವರೆಗೂ ತವರಲ್ಲಿದ್ದಳು, ಗಂಡ ನ್ಯೂಜೆರ್ಸಿಯಲ್ಲಿ. ಸಂಸಾರ ಶುರುವಾದದ್ದು 2024ರ ಜೂನ್ 16ರಿಂದ. 90 ದಿನದ ಲೆಕ್ಕ ಹಿಡಿದು 2027ರ ಮಾರ್ಚ್ 18ಕ್ಕೆ ಹಾಕಿದರೆ ಕೂಡಿ ಬಾಳಿದ್ದು ಇನ್ನೂ ಮೂರು ವರ್ಷ ಆಗಿರುವುದಿಲ್ಲ. ಅವಳು ಜೂನ್ 16ರವರೆಗೆ ಕಾಯಬೇಕು.