ಹನ್ನೆರಡನೇ ಕಾರು ಬರಲಿಲ್ಲ

ಹನ್ನೊಂದನೇ ಕಾರು ಹೋಯಿತು. ಹನ್ನೆರಡನೇದು ಬರಲಿಲ್ಲ.

ಚಿಕ್ಕಮಗಳೂರಿನ ಹತ್ತಿರ, ಕಾಫಿ ತೋಟವೊಂದರ ಒಳಗಿನ ಮಣ್ಣಿನ ದಾರಿ ಅದು. ಬೆಳಿಗ್ಗೆ ಏಳೂವರೆ ಇರಬಹುದು. ನಾವು ಐದಾರು ಮಂದಿ ದರೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು. ರ್ಯಾಲಿ ನಡೆಯುತ್ತಿತ್ತು, ಕಾರುಗಳನ್ನು ಒಂದೊಂದಾಗಿ ಬಿಟ್ಟು ಸಮಯ ಅಳೆಯುವ ಓಟ. ರ್ಯಾಲಿ ಕಾರು ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಎಲ್ಲೋ ದೂರದ ಇಳಿಜಾರಿನಲ್ಲಿ ಗುರ್ ಅನ್ನುತ್ತದೆ, ಗೇರ್ ಇಳಿಸಿದಾಗ ಪಟಪಟ ಸಿಡಿಯುತ್ತದೆ, ಆಮೇಲೆ ಒಮ್ಮೆಲೇ ತಿರುವಿನಲ್ಲಿ ಅಡ್ಡಡ್ಡ ಜಾರುತ್ತಾ ಬಂದು ಹೋಗಿಬಿಡುತ್ತದೆ. ಉಳಿಯುವುದು ಧೂಳು ಮಾತ್ರ. ಸಿಲ್ವರ್ ಓಕ್ ಮರಗಳ ನಡುವೆ ಗಾಳಿ ಆಡದ ಹೊತ್ತು ಅದು. ಧೂಳು ನೆಲಕ್ಕೂ ಇಳಿಯದೆ, ಮೇಲಕ್ಕೂ ಹೋಗದೆ ಅಲ್ಲೇ ತೂಗುತ್ತಿರುತ್ತದೆ. ಓರೆ ಬಿಸಿಲು ಬಿದ್ದರೆ ನೋಡಲು ಚೆಂದ. ಕಾರಿನ ಒಳಗೆ ಕೂತವನಿಗೆ ಅದು ಬಿಳಿ ಗೋಡೆ.

ಅವತ್ತು ಎರಡು ನಿಮಿಷಕ್ಕೊಂದು ಕಾರು ಬಿಡುತ್ತಿದ್ದರು. ಸಾಮಾನ್ಯವಾಗಿ ಒಂದು ನಿಮಿಷ ಸಾಕು. ಧೂಳು ಕೂರಲಿ ಅಂತ ಅಂತರ ಜಾಸ್ತಿ ಮಾಡಿದ್ದರು. ಎರಡು ನಿಮಿಷ ಆಯಿತು, ಮೂರಾಯಿತು. ಯಾರೂ ಮಾತಾಡಲಿಲ್ಲ.

ಆ ಕಾಯುವ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಹಿಂದಿನ ವಾರದ ಜಗಳ. ನಮ್ಮ ಗುಂಪಿನಲ್ಲಿ ಭಾನುವಾರ ಸಂಜೆ ಫಾರ್ಮುಲಾ ಒನ್ ನೋಡುವ ಚಟ ಇದೆ. ಮಳೆ ಬಂದು ರೇಸ್ ನಿಂತರೆ ಮನೆ ಎರಡು ಪಕ್ಷವಾಗುತ್ತದೆ. ಒಬ್ಬ ಹೇಳುತ್ತಾನೆ, "ನಮ್ ಊರಲ್ಲಿ ಆಟೋದವರು ಜುಲೈ ಮಳೇಲಿ ಮೂಡಿಗೆರೆ ರಸ್ತೆ ಓಡಿಸ್ತಾರೆ, ಇವರಿಗೇನಂತೆ ಧಾಡಿ?" ಇನ್ನೊಬ್ಬ ಹೇಳುತ್ತಾನೆ, "ಜಾರಿ ಸತ್ತರೆ?" ನನಗನಿಸುವುದು ಇಬ್ಬರೂ ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ ಅಂತ. ಮಳೆಯ ರೇಸಿನಲ್ಲಿ ಜಾರುವುದಕ್ಕಿಂತ ದೊಡ್ಡ ಭಯ ಕಾಣದಿರುವುದು.

ಜಾರುವುದಕ್ಕೆ ಮದ್ದು ಇದೆ. ನೀರು ತುಂಬಿದ ರಸ್ತೆಯ ಮೇಲೆ ಟಯರ್ ಓಡುವಾಗ ಅದರ ಕೆಳಗಿನ ನೀರು ಪಕ್ಕಕ್ಕೆ ಹೋಗಬೇಕು. ಹೋಗಲು ಸಮಯ ಸಿಗದಿದ್ದರೆ ಟಯರ್ ನೀರಿನ ಮೇಲೆ ಹತ್ತಿ ಕೂರುತ್ತದೆ. ಆಮೇಲೆ ಸ್ಟೀರಿಂಗ್ ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ಇದು ಯಾವ ವೇಗದಲ್ಲಿ ಆಗುತ್ತದೆ ಅನ್ನುವುದು ಹೆಚ್ಚಾಗಿ ಟಯರಿನ ಗಾಳಿಯ ಒತ್ತಡದ ಮೇಲೆ ನಿಂತಿದೆ. ವಿಮಾನದ ಚಕ್ರಗಳಿಗಾಗಿ ನಾಸಾ ಕಂಡುಕೊಂಡ ಒಂದು ಸರಳ ಸೂತ್ರ ಇದೆ. ಅದರ ಪ್ರಕಾರ 30 ಪಿಎಸ್‌ಐ ಗಾಳಿ ಇರುವ ನಮ್ಮ ಕಾರಿಗೆ ಆ ವೇಗ ಗಂಟೆಗೆ ಸುಮಾರು 90 ಕಿ.ಮೀ. ಟಯರ್ ಸವೆದು ಬೋಳಾಗಿದ್ದು, ರಸ್ತೆಯಲ್ಲಿ ನೀರು ನಿಂತಿದ್ದರೆ ಈ ಲೆಕ್ಕ ನಿಜವಾಗುತ್ತದೆ. ಬಸ್ಸಿನ ಟಯರಿನಲ್ಲಿ 100 ಪಿಎಸ್‌ಐ ಆಸುಪಾಸು ಇರುವುದರಿಂದ ಅದಕ್ಕೆ ಈ ಕಾಟ ಕಡಿಮೆ. ಹಾಸನ-ಬೆಂಗಳೂರು ಹೆದ್ದಾರಿಯಲ್ಲಿ ಮಳೆ ಹೊಡೆಯುವಾಗ "ಬಸ್ಸು ಆರಾಮಾಗಿ ಹೋಯ್ತಲ್ಲ" ಅಂತ ಅದರ ಹಿಂದೆಯೇ ಅದೇ ವೇಗದಲ್ಲಿ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ.

ರೇಸಿನವರು ಇದಕ್ಕೆ ಟಯರಿನಲ್ಲೇ ಕಾಲುವೆ ಕೊರೆದರು. ಪಿರೆಲ್ಲಿ ಕಂಪನಿ ಹೇಳುವಂತೆ ಫಾರ್ಮುಲಾ ಒನ್‌ನ ಭಾರಿ ಮಳೆಯ ಟಯರ್ ಒಂದು, ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರ್ ನೀರು ಎತ್ತಿ ಹಾಕುತ್ತದೆ. ನಾಲ್ಕು ಚಕ್ರಕ್ಕೆ 340 ಲೀಟರ್. ಮನೆ ಮೇಲಿನ 500 ಲೀಟರಿನ ಟ್ಯಾಂಕು ಎರಡು ಸೆಕೆಂಡಿನೊಳಗೆ ಖಾಲಿ!

ಸರಿ, ಆ ನೀರು ಹೋಗುವುದೆಲ್ಲಿಗೆ? ಹಿಂದಿನವನ ಮುಖಕ್ಕೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಒಂದು ಟೀ ಚಮಚ ನೀರು ತೆಗೆದುಕೊಳ್ಳಿ, 5 ಮಿ.ಲೀ. ಅದು ಒಂದೇ ಉಂಡೆಯಾಗಿದ್ದರೆ ನೆಲ್ಲಿಕಾಯಿಯಷ್ಟು ಇರುತ್ತದೆ. ಬೆಳಕಿಗೆ ಹಿಡಿದರೆ ನೆರಳೂ ಅಷ್ಟೇ. ಈಗ ಅದನ್ನೇ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಹನಿಗಳಾಗಿ ಒಡೆಯಿರಿ. ಮಂಜಿನ ಹನಿ ಹೆಚ್ಚುಕಡಿಮೆ ಈ ಗಾತ್ರದ್ದು. ಆ ಹನಿಗಳನ್ನೆಲ್ಲ ಒಂದರ ಪಕ್ಕ ಒಂದು ಹರಡಿದರೆ ಮುಕ್ಕಾಲು ಚದರ ಮೀಟರ್ ಮುಚ್ಚುತ್ತವೆ. ಒಂದು ಚಮಚ ನೀರಿನಲ್ಲಿ ಕಾರಿನ ಮುಂಗಾಜಿನ ದೊಡ್ಡ ಪಾಲು ಹೋಯಿತು! ನೀರು ಅಷ್ಟೇ ಇದೆ, ಪುಡಿಯಾದಷ್ಟೂ ಕಣ್ಣಿಗೆ ಅಡ್ಡ ಬರುವುದು ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಜಡಿಮಳೆ ಬಂದರೂ ಮುಂದಿನ ಲಾರಿ ಹೇಗೋ ಕಾಣುತ್ತದೆ. ಹನಿ ಕೂಡ ಬೀಳದ ಬರೀ ಮಂಜಿನಲ್ಲಿ ಬಾನೆಟ್ಟಿನ ತುದಿಯೇ ಕಾಣುವುದಿಲ್ಲ. ಕಾರಣ ಇದೇ. ಅಲ್ಲಿ ಹೈಬೀಮ್ ಹಾಕಿದರೆ ಇನ್ನೂ ಕೆಡುತ್ತದೆ. ನಮ್ಮದೇ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಧೂಳೂ ಹಾಗೆಯೇ. ನಮ್ಮ ಕೆಂಪು ಮಣ್ಣು ಒಣಗಿ, ನೂರು ಸಲ ಜೀಪು ಓಡಿ ಗೋಧಿಹಿಟ್ಟಿನಷ್ಟು ನುಣ್ಣಗಾಗಿರುತ್ತದೆ. ಒಂದು ಬೊಗಸೆ ಸಾಕು, ತಿರುವು ಮಾಯ. ಯುರೋಪಿನ ಮಳೆ ರೇಸಿನ ತುಂತುರಿಗೂ ನಮ್ಮ ತೋಟದ ಧೂಳಿಗೂ ಭೌತವಿಜ್ಞಾನ ಒಂದೇ.

ಬೆಲ್ಜಿಯಂನ ಸ್ಪಾ ಟ್ರ್ಯಾಕ್ ನೋಡಿದಾಗಲೆಲ್ಲ ನನಗೆ ನಮ್ಮ ಕಡೆಯೇ ನೆನಪಾಗುತ್ತದೆ. ಕಾಡು, ಗುಡ್ಡ, ಒಂದು ಸುತ್ತಿಗೆ 7 ಕಿ.ಮೀ. ಒಂದು ತುದಿಯಲ್ಲಿ ಬಿಸಿಲು, ಇನ್ನೊಂದರಲ್ಲಿ ಮಳೆ. ಹಾಸನದಲ್ಲಿ ಬಟ್ಟೆ ಒಣಗುತ್ತಿರುವಾಗ ಸಕಲೇಶಪುರದಲ್ಲಿ ಕೊಡೆ ಬಿಚ್ಚಿದ ಹಾಗೆ. 2021ರಲ್ಲಿ ಅಲ್ಲಿ ಫಾರ್ಮುಲಾ ಒನ್ ರೇಸಿಗೆ ಬಂದ ಜನ ಗಂಟೆಗಟ್ಟಲೆ ನೆನೆದು ಕೂತರು. ಕೊನೆಗೆ ಎಲ್ಲರನ್ನೂ ನಿಧಾನಗೊಳಿಸಲು ಮುಂದೆ ಓಡುವ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಓಡಿಸಿ, ಅರ್ಧ ಅಂಕ ಕೊಟ್ಟು ಮುಗಿಸಿದರು. ಟಿಕೆಟ್ ಕೊಂಡವರ ಸಿಟ್ಟು ನ್ಯಾಯವಾದದ್ದೇ. ಓಟವೇ ನಡೆಯದೆ ಅಂಕ ಕೊಟ್ಟಿದ್ದು ನನಗೂ ಸರಿ ಕಾಣಲಿಲ್ಲ. ಆದರೆ ನಿಲ್ಲಿಸಿದ್ದು ಸರಿ. ಎರಡೇ ವರ್ಷಕ್ಕೆ, 2023ರ ಜುಲೈನಲ್ಲಿ, ಅದೇ ಟ್ರ್ಯಾಕಿನಲ್ಲಿ ಕಿರಿಯರ ರೇಸೊಂದರಲ್ಲಿ 18 ವರ್ಷದ ಡಿಲಾನೊ ವಾಂಟ್ ಹಾಫ್ ತೀರಿಕೊಂಡ. ನೀರಿನ ತುಂತುರಿನ ನಡುವೆ ಅವನ ಕಾರು ದಾರಿಯಲ್ಲಿ ನಿಂತಿತ್ತು. ಹಿಂದಿನಿಂದ ಬಂದವರಿಗೆ ಅದು ಕಾಣಲಿಲ್ಲ.

ಆಮೇಲೆ ಚಕ್ರಗಳಿಗೆ ಕವಚ ಹಾಕಿ ನೋಡಿದರು. ಸೈಕಲ್ಲಿಗೆ ಮಡ್‌ಗಾರ್ಡ್ ಇರುತ್ತಲ್ಲ, ಹಾಗೆ. ಅಂದುಕೊಂಡಷ್ಟು ಫಲ ಸಿಗಲಿಲ್ಲ. ಯಾಕೆಂದರೆ ನೀರು ಚಕ್ರದಿಂದಷ್ಟೇ ಹಾರುವುದಿಲ್ಲ. ಕಾರನ್ನು ನೆಲಕ್ಕೆ ಒತ್ತಿ ಹಿಡಿಯಲು ಅದರ ಹೊಟ್ಟೆಯ ಕೆಳಗೆ ಗಾಳಿ ಜೋರಾಗಿ ನುಗ್ಗುವ ಹಾಗೆ ಮಾಡಿರುತ್ತಾರೆ. ಆ ಗಾಳಿ ರಸ್ತೆಯ ನೀರನ್ನು ಹೀರಿ ಹಿಂದಕ್ಕೆ, ಮೇಲಕ್ಕೆ ಎಸೆಯುತ್ತದೆ. ತಿರುವಿನಲ್ಲಿ ಕಾಪಾಡುವ ಗುಣವೇ ಮಳೆಯಲ್ಲಿ ಹಿಂದಿನವನ ಕಣ್ಣು ಕಟ್ಟುತ್ತದೆ.

ಜಪಾನಿನ ಸುಜುಕಾದ ಕತೆ ಅಭಿಮಾನಿಗಳಿಗೆ ಗೊತ್ತು. 2014ರ ಮಳೆಯಲ್ಲಿ ಒಂದು ಕಾರು ಜಾರಿ ಹೊರಗೆ ಹೋಗಿತ್ತು. ಅದನ್ನು ಎತ್ತಲು ಕ್ರೇನು ಬಂದಿತ್ತು. ಮುಂದಿನ ಸುತ್ತಿನಲ್ಲಿ ಚಾಲಕ ಜೂಲ್ಸ್ ಬಿಯಾಂಕಿ ಅದೇ ಜಾಗದಲ್ಲಿ ಜಾರಿ, ಗಂಟೆಗೆ 126 ಕಿ.ಮೀ. ವೇಗದಲ್ಲಿ ಆ ಕ್ರೇನಿಗೇ ಹೊಡೆದರು. ಒಂಬತ್ತು ತಿಂಗಳು ಪ್ರಜ್ಞೆ ಬರದೆ 2015ರ ಜುಲೈನಲ್ಲಿ ತೀರಿಕೊಂಡರು. ಹಳದಿ ಬಾವುಟ ಬೀಸುತ್ತಲೇ ಇದ್ದರು. ನಿಧಾನ ಮಾಡಿ ಅಂದರೆ ಎಷ್ಟು ನಿಧಾನ ಅನ್ನುವುದು ಚಾಲಕನಿಗೆ ಬಿಟ್ಟ ಮಾತಾಗಿತ್ತು, ಅದೇ ತೊಂದರೆ. ನಂತರ ವರ್ಚುವಲ್ ಸೇಫ್ಟಿ ಕಾರ್ ಬಂತು. ಈಗ ಸ್ಟೀರಿಂಗಿನ ಪರದೆಯ ಮೇಲೆ ಎಲ್ಲರಿಗೂ ಒಂದೇ ಮಿತಿ ಬೀಳುತ್ತದೆ. ಇಷ್ಟಾದರೂ 2022ರಲ್ಲಿ, ಅದೇ ಸುಜುಕಾದ ಅಂಥದ್ದೇ ಮಳೆಯಲ್ಲಿ, ಇನ್ನೊಬ್ಬ ಚಾಲಕ ಪಿಯರ್ ಗ್ಯಾಸ್ಲಿ ತುಂತುರಿನೊಳಗೆ ಮತ್ತೊಂದು ಕ್ರೇನಿನ ಪಕ್ಕದಲ್ಲೇ ಹಾದುಹೋದರು. ರೇಡಿಯೋದಲ್ಲಿ ಅವರು ಕೂಗಾಡಿದ್ದು ಸುಮ್ನೆ ಅಲ್ಲ.

ಇನ್ನು ಗುದ್ದಿದರೆ ಏನಾಗುತ್ತದೆ? ಇದಕ್ಕೆ ಅಳತೆಗೋಲು ನಮ್ಮ ತೋಟದಲ್ಲೇ ನಿಂತಿದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಸಿಲ್ವರ್ ಓಕ್ ಮರಕ್ಕೆ ಗುದ್ದುವುದೂ 25 ಮೀಟರ್ ಎತ್ತರದಿಂದ ಕೆಳಗೆ ಬೀಳುವುದೂ ಒಂದೇ. ಚೆನ್ನಾಗಿ ಬೆಳೆದ ಸಿಲ್ವರ್ ಓಕ್ ಸುಮಾರು ಅಷ್ಟೇ ಎತ್ತರ ಇರುತ್ತದೆ. ಅಂದರೆ ಮೆಣಸು ಕೊಯ್ಯಲು ಏಣಿ ಹತ್ತಿದವನು ಇನ್ನೂ ಮೇಲಕ್ಕೆ ಹೋಗಿ, ಮರದ ತುದಿಯಿಂದ ಬಿದ್ದ ಹಾಗೆ. 100 ಕಿ.ಮೀ. ಆದರೆ 39 ಮೀಟರ್. ವೇಗ ಸ್ವಲ್ಪ ಏರಿದರೆ ಮರ ಬಹಳ ಬೆಳೆಯುತ್ತದೆ.

ಬಿದ್ದದ್ದಕ್ಕಿಂತ ಹೇಗೆ ನಿಂತೆವು ಅನ್ನುವುದು ಮುಖ್ಯ. 80 ಕಿ.ಮೀ. ವೇಗದ ಕಾರು ಅರ್ಧ ಮೀಟರಿನಲ್ಲಿ ನಿಂತರೆ ಮೈಮೇಲೆ ಬೀಳುವ ಹೊರೆ ಗುರುತ್ವದ 50 ಪಟ್ಟು. 70 ಕೆ.ಜಿ. ಮನುಷ್ಯ ಆ ಕ್ಷಣಕ್ಕೆ ಮೂರೂವರೆ ಟನ್ ತೂಗುತ್ತಾನೆ. ಒಂದು ಮೀಟರಿನಲ್ಲಿ ನಿಂತರೆ ಅದು ಅರ್ಧಕ್ಕೆ ಇಳಿಯುತ್ತದೆ. ಕಾರಿನ ಮೂತಿ ನುಜ್ಜಾಗಿದ್ದು ನೋಡಿ "ಏನ್ ಡಬ್ಬಾ ಗಾಡಿ" ಅನ್ನುತ್ತೇವೆ, ಅಲ್ವಾ? ಆ ನುಜ್ಜೇ ಆ ಇನ್ನೊಂದು ಅರ್ಧ ಮೀಟರ್. ಮೂತಿ ಮುರಿಯಬೇಕು, ಕೂತ ಗೂಡು ಮುರಿಯಬಾರದು. ರ್ಯಾಲಿ ಕಾರಿನೊಳಗೆ ಉಕ್ಕಿನ ಕೊಳವೆಗಳ ಪಂಜರ ಹಾಕುವುದು ಅದಕ್ಕೇ. ಮನುಷ್ಯನ ಮೈ ಎಷ್ಟು ತಡೆಯುತ್ತದೆ ಅಂತ ಅಮೆರಿಕದ ವೈದ್ಯ ಜಾನ್ ಸ್ಟ್ಯಾಪ್ 1954ರಲ್ಲಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡರು. ರಾಕೆಟ್ ಬಂಡಿಯಲ್ಲಿ ಕೂತು, ಒಮ್ಮೆಲೇ ನಿಲ್ಲಿಸಿ, 46 ಪಟ್ಟು ಹೊರೆ ತಿಂದು ಬದುಕಿದರು. 1977ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಡೇವಿಡ್ ಪರ್ಲಿ ಗಂಟೆಗೆ 173 ಕಿ.ಮೀ. ವೇಗದಿಂದ ಬರೀ 66 ಸೆಂ.ಮೀ. ಜಾಗದಲ್ಲಿ ನಿಂತರು. ಲೆಕ್ಕ ಹಾಕಿದರೆ 180 ಪಟ್ಟಿನ ಹತ್ತಿರ ಬರುತ್ತದೆ. ಮೂಳೆಗಳು ಮುರಿದವು, ಜೀವ ಉಳಿಯಿತು. ಇದನ್ನು ಅದೃಷ್ಟ ಅನ್ನದೆ ಬೇರೆ ದಾರಿಯಿಲ್ಲ.

ಬೆಲ್ಟು ಎದೆಯನ್ನು ಹಿಡಿದಿಡುತ್ತದೆ. ತಲೆಯನ್ನು ಯಾರು ಹಿಡಿಯಬೇಕು? ಹೆಲ್ಮೆಟ್ ಸೇರಿ ಆರೇಳು ಕೆ.ಜಿ. ಇರುವ ತಲೆ ಮುಂದಕ್ಕೆ ಚಿಮ್ಮಿದಾಗ ತಲೆಬುರುಡೆಯ ಬುಡದಲ್ಲಿ, ಕತ್ತು ಸೇರುವ ಕಡೆ ಪೆಟ್ಟು ಬೀಳುತ್ತದೆ. ಹೆಗಲ ಮೇಲೆ ನೊಗದ ಹಾಗೆ ಕೂರುವ ಹಾನ್ಸ್ ಅನ್ನುವ ಸಾಧನ ಬಂದದ್ದು ಇದನ್ನು ತಡೆಯಲು. ರಾಬರ್ಟ್ ಹಬ್ಬರ್ಡ್ ಅನ್ನುವ ಪ್ರೊಫೆಸರ್ ಮತ್ತು ಅವರ ನೆಂಟ, ರೇಸ್ ಚಾಲಕ ಜಿಮ್ ಡೌನಿಂಗ್ ಸೇರಿ ಮಾಡಿದ್ದು. ಫಾರ್ಮುಲಾ ಒನ್‌ನಲ್ಲಿ 2003ರಿಂದ ಕಡ್ಡಾಯ. ಹ್ಯಾಲೋ ಬಂದದ್ದು 2018ರಲ್ಲಿ. ಚಾಲಕನ ತಲೆಯ ಸುತ್ತ ಟೈಟಾನಿಯಂ ಬಳೆ, ತೂಕ 7 ಕೆ.ಜಿ. ಆಸುಪಾಸು, ತಡೆಯುವುದು 12 ಟನ್. ಆಗ ಅಭಿಮಾನಿಗಳೆಲ್ಲ "ಚಪ್ಪಲಿ ಬಾರು" ಅಂತ ನಕ್ಕೆವು, ನಾನೂ ನಕ್ಕಿದ್ದೆ. ಚಾಲಕ ರೊಮಾನ್ ಗ್ರೋಜಾನ್ ಕೂಡ ಅದನ್ನು ವಿರೋಧಿಸಿದವರೇ. 2020ರಲ್ಲಿ ಬಹ್ರೇನ್‌ನಲ್ಲಿ ಅವರ ಕಾರು ತಡೆಬೇಲಿಯನ್ನು ಸೀಳಿ, ಎರಡು ತುಂಡಾಗಿ ಹೊತ್ತಿಕೊಂಡಿತು. 67 ಪಟ್ಟಿನ ಪೆಟ್ಟು. ಬೇಲಿಯ ಕಬ್ಬಿಣದ ಪಟ್ಟಿಯನ್ನು ತಲೆಯಿಂದ ಆಚೆ ತಳ್ಳಿದ್ದು ಆ ಬಾರೇ. ಅರ್ಧ ನಿಮಿಷದೊಳಗೆ ಬೆಂಕಿಯಿಂದ ಎದ್ದು ಬಂದರು.

ಅಭಿಮಾನಿಗಳಿಗೆ ಚಾಲಕ ಅಂದರೆ ಧೈರ್ಯ. ನನಗೆ ನಿಕಿ ಲೌಡಾ ನೆನಪಾಗುತ್ತಾರೆ. 1976ರ ಆಗಸ್ಟಿನಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಮುಖ ಸುಟ್ಟುಕೊಂಡು, ಆರೇ ವಾರಕ್ಕೆ ಮತ್ತೆ ಕಾರು ಹತ್ತಿದ ಮನುಷ್ಯ. ಅದೇ ವರ್ಷದ ಕೊನೆಯ ರೇಸು, ಜಪಾನಿನ ಫುಜಿಯಲ್ಲಿ, ಮಳೆ ಮತ್ತು ಮಂಜು. ಎರಡು ಸುತ್ತು ಓಡಿಸಿ ಇಳಿದುಬಿಟ್ಟರು. ಒಂದೇ ಒಂದು ಅಂಕದಲ್ಲಿ ಆ ವರ್ಷದ ಚಾಂಪಿಯನ್ ಪ್ರಶಸ್ತಿ ಎದುರಾಳಿ ಜೇಮ್ಸ್ ಹಂಟ್ ಪಾಲಾಯಿತು. ಹೆದರಿದರು ಅಂದವರಿದ್ದಾರೆ. ಸುಟ್ಟ ಗಾಯ ಆರುವ ಮೊದಲೇ ಓಡಿಸಿದವನನ್ನು ಹೇಡಿ ಅನ್ನುವುದು ಹೇಗೋ ನನಗೆ ತಿಳಿಯುವುದಿಲ್ಲ.

ರ್ಯಾಲಿಯಲ್ಲಿ ಕಣ್ಣಿಗೆ ಬದಲಿ ವ್ಯವಸ್ಥೆ ಒಂದಿದೆ, ಪೇಸ್ ನೋಟ್ಸ್. ಮೊದಲೇ ದಾರಿಯಲ್ಲಿ ನಿಧಾನವಾಗಿ ಓಡಿಸಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಎಷ್ಟು ಮೀಟರ್ ನೇರ, ಎಡವೋ ಬಲವೋ, ಎಷ್ಟು ಬಿಗಿ, ಏರಿನ ಆಚೆ ಏನಿದೆ. ಓಟದಲ್ಲಿ ಕೋ-ಡ್ರೈವರ್ ಅದನ್ನು ಓದುತ್ತಾ ಹೋಗುತ್ತಾನೆ. ಚಾಲಕ ಕಂಡದ್ದಕ್ಕಿಂತ ಕೇಳಿದ್ದನ್ನು ನಂಬಿ ತಿರುಗಿಸುತ್ತಾನೆ. 2013, 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್ ಆದ ಗೌರವ್ ಗಿಲ್ ನಮ್ಮ ತೋಟದ ದಾರಿಗಳಲ್ಲಿ ಓಡಿಸಿದಾಗ ಜನ ಅವರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ತಲೆ ತಗ್ಗಿಸಿ ಪುಸ್ತಕ ಓದುತ್ತಿದ್ದವನನ್ನು ನೋಡಿದವರು ಕಡಿಮೆ.

ಅಂದ ಹಾಗೆ, ನಾವು ದರೆಯ ಮೇಲೆ ಕೂತದ್ದು ನಮ್ಮ ಬುದ್ಧಿಯಿಂದ ಅಲ್ಲ. ಮೊದಲು ಕೂತಿದ್ದು ತಿರುವಿನ ಹೊರಬದಿಯಲ್ಲಿ, ಫೋಟೋಗೆ ಚೆನ್ನಾಗಿರುತ್ತೆ ಅಂತ. ಹಿಡಿತ ತಪ್ಪಿದ ಕಾರು ತಿರುಗುವುದಿಲ್ಲ, ಹೋಗುತ್ತಿದ್ದ ದಿಕ್ಕಿಗೇ ನೇರ ಹೋಗುತ್ತದೆ. ಅಂದರೆ ಸರಿಯಾಗಿ ನಾವು ಕೂತಲ್ಲಿಗೆ. ದಾರಿ ಕಾಯುವ ಮಾರ್ಷಲ್ ಒಬ್ಬ ಸೀಟಿ ಊದಿ ಎಬ್ಬಿಸಿದ. ಗೊಣಗುತ್ತಾ ಮೇಲೆ ಹತ್ತಿದೆವು. ನನ್ನ ಫ್ಲಾಸ್ಕ್ ಅಲ್ಲೇ ಮರೆತುಹೋಗಿತ್ತು. ನಾಲ್ಕನೇ ಕಾರು ಎಸೆದ ಅಡಿಕೆ ಗಾತ್ರದ ಕಲ್ಲೊಂದು ಅದಕ್ಕೆ ಬಡಿದು, ಸ್ಟೀಲಿನಲ್ಲಿ ಹೆಬ್ಬೆರಳು ಹೂತುಹೋಗುವಷ್ಟು ಗುಳಿ ಬಿತ್ತು. ಫ್ಲಾಸ್ಕ್ ಈಗಲೂ ಇದೆ, ಕಾಫಿ ಬೇಗ ಆರುತ್ತದೆ.

ಹನ್ನೆರಡನೇ ಕಾರಿಗೆ ಕಾಯುತ್ತಿದ್ದೆವಲ್ಲ. ಐದನೇ ನಿಮಿಷಕ್ಕೆ ಹದಿಮೂರನೇದು ಬಂತು. ಅದು ಮಾಮೂಲಿಯಂತೆ ಅಡ್ಡ ಜಾರಿ ಹೋಯಿತು. ಅದು ನಿಲ್ಲದೆ ಹೋಗಿದ್ದು ನೋಡಿಯೇ ನಮ್ಮವನೊಬ್ಬ ಉಸಿರು ಬಿಟ್ಟ. ಪ್ರತಿ ರ್ಯಾಲಿ ಕಾರಿನಲ್ಲೂ ಒಂದು ಹಲಗೆ ಇರುತ್ತದೆ. ಒಂದು ಬದಿ ಕೆಂಪು ಎಸ್‌ಒಎಸ್, ಅಂದರೆ ಸಹಾಯ ಬೇಕು; ಇನ್ನೊಂದು ಬದಿ ಹಸಿರು ಓಕೆ. ಕೆಂಪು ಕಂಡರೆ ಹಿಂದಿನವನು ಗೆಲುವು ಬಿಟ್ಟು ನಿಲ್ಲಲೇಬೇಕು. ಇವನು ನಿಂತಿಲ್ಲ ಅಂದರೆ ಅಲ್ಲಿ ಹಸಿರು ಹಿಡಿದಿದ್ದಾರೆ.

ಎಲ್ಲ ಮುಗಿದ ಮೇಲೆ ಒಂದು ಕಿ.ಮೀ. ನಡೆದು ಹೋದೆವು. ಕಾರು ಚರಂಡಿಯಲ್ಲಿ ಪಕ್ಕಕ್ಕೆ ಒರಗಿತ್ತು. ಮೂತಿ ಅಪ್ಪಚ್ಚಿ, ಪಂಜರ ನೆಟ್ಟಗೆ. ಕೋ-ಡ್ರೈವರ್ ಹುಡುಗ ಮಣ್ಣಿನ ಮೇಲೆ ಕೂತು ನೋಟ್ಸ್ ಪುಸ್ತಕದ ಧೂಳು ಕೊಡವುತ್ತಿದ್ದ. ರೆಪ್ಪೆ, ಹುಬ್ಬು ಎಲ್ಲ ಕೆಂಪು. ಏನಾಯ್ತು ಅಂತ ಕೇಳಿದೆ.

"ಒಂದು ಸಾಲು ಲೇಟಾಗಿ ಓದಿದೆ ಅಣ್ಣ," ಅಂದ. "ಧೂಳಲ್ಲಿ ಎಲ್ಲಿದೀವಿ ಅಂತಾನೇ ಗೊತ್ತಾಗ್ಲಿಲ್ಲ."

ತೋಟದ ಜೀಪು ಹಗ್ಗ ಕಟ್ಟಿ ಎಳೆಯತೊಡಗಿತು. ಮತ್ತೆ ಧೂಳು ಎದ್ದಿತು. ನಾವು ಮೂಗು ಮುಚ್ಚಿಕೊಂಡು ತಳ್ಳಲು ಕೈ ಹಾಕಿದೆವು.